ಹಳೇ ಕ್ಯಾಸೆಟ್‌ನಿಂದ ಡಿವಿಡಿ: ಸಾಫ್ಟ್‌ವೇರ್‌ಗೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಮದುವೆ, ಮುಂಜಿ, ನಾಮಕರಣದ ಕ್ಯಾಸೆಟ್‌ಗಳನ್ನು ಡಿವಿಡಿಗೆ ಇಳಿಸಿಕೊಡುವ ಕೆಲಸದಲ್ಲಿ ಗಿರಾಕಿಗಳಿಂದ ಹೆಚ್ಚು ಬರುವ ಪ್ರಶ್ನೆ ಒಂದೇ: "ಮನೆಯಲ್ಲೇ ಮಾಡ್ಕೊಳ್ಳೋದಾದ್ರೆ ಯಾವ ಸಾಫ್ಟ್‌ವೇರ್ ತಗೊಳ್ಳಲಿ ಸಾರ್?" ಕೇಳುವ ಹೊತ್ತಿಗೆ ಅವರು ಯಾವುದೋ ದುಬಾರಿ ಪ್ಯಾಕೇಜು ನೋಡಿಟ್ಟುಕೊಂಡಿರುತ್ತಾರೆ, ಅದರಲ್ಲಿ ನೂರಾರು ಮೆನು ಡಿಸೈನ್ ಇದೆ ಅನ್ನುವ ಕಾರಣಕ್ಕೆ. ಆದರೆ ಡಿಸ್ಕ್ ಕೆಡುವುದು ಮೆನುವಿನಿಂದಲ್ಲ. ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ), ಫೀಲ್ಡ್ ಆರ್ಡರ್ (ಫ್ರೇಮಿನ ಯಾವ ಅರ್ಧ ಮೊದಲು), ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ), ಈ ಮೂರರಲ್ಲಿ ಒಂದು ತಪ್ಪಿದಾಗ ಕೆಡುತ್ತದೆ. ಈ ಮೂರನ್ನೂ ನಾವೇ ಹೊಂದಿಸಲು ಬಿಡದ ಸಾಫ್ಟ್‌ವೇರ್ ಪುಕ್ಕಟೆ ಸಿಕ್ಕರೂ ಬೇಡ.

ಡಿವಿಡಿ ಮಾಡುವುದೆಂದರೆ ನಿಜಕ್ಕೂ ಮೂರು ಕೆಲಸ. ವಿಡಿಯೋವನ್ನು ಡಿವಿಡಿ ಪ್ಲೇಯರ್ ಓದುವ ಎಂಪೆಗ್-2 ರೂಪಕ್ಕೆ ಬದಲಿಸುವುದು (ಎನ್‌ಕೋಡ್ ಅನ್ನುವುದು ಇದನ್ನೇ), ಅದಕ್ಕೆ ಮೆನು ಮತ್ತು ಚಾಪ್ಟರ್ ಕಟ್ಟಿ 'ವಿಡಿಯೋ ಟಿಎಸ್' ಫೋಲ್ಡರ್ ಮಾಡುವುದು, ಕೊನೆಗೆ ಡಿಸ್ಕಿಗೆ ಬರ್ನ್ ಮಾಡುವುದು. ಎಂಪಿ4 ಫೈಲನ್ನು ಎಳೆದು ಡಿಸ್ಕಿಗೆ ಹಾಕಿದರೆ ಅದು ಡೇಟಾ ಡಿಸ್ಕ್ ಆಗುತ್ತದೆ ಅಷ್ಟೇ, ಅಜ್ಜಿ ಮನೆಯ ಹಳೇ ಪ್ಲೇಯರ್ ಅದನ್ನು ಓದುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಡಿವಿಡಿ ಮಾಡಲು ಹೋಗಿ ಸುಸ್ತಾದವರು ಬಹಳ ಜನ. ಅದು ಡಿವಿಡಿಯಿಂದ ಎಂಪಿ4 ಮಾಡುತ್ತದೆ, ಎಂಪಿ4ನಿಂದ ಡಿವಿಡಿ ಮಾಡುವುದಿಲ್ಲ.

ಒಂದು ಕಾಲಕ್ಕೆ ಈ ಸಾಫ್ಟ್‌ವೇರ್ ಕಂಪ್ಯೂಟರಿನ ಜೊತೆಗೇ ಬರುತ್ತಿತ್ತು. ವಿಂಡೋಸ್ ವಿಸ್ಟಾ ಮತ್ತು 7ರ ಕೆಲವು ಆವೃತ್ತಿಗಳಲ್ಲಿ ವಿಂಡೋಸ್ ಡಿವಿಡಿ ಮೇಕರ್ ಇತ್ತು, 8ರಲ್ಲಿ ತೆಗೆದುಹಾಕಿದರು. ಆಪಲ್‌ನ ಐಡಿವಿಡಿ 2011ರ ಹೊತ್ತಿಗೆ ಹೊಸ ಮ್ಯಾಕ್‌ಗಳಲ್ಲಿ ನಿಂತುಹೋಯಿತು. ವೃತ್ತಿಯವರು ನಂಬಿಕೊಂಡಿದ್ದ ಅಡೋಬಿ ಎನ್‌ಕೋರ್ ಸಿಎಸ್6ಕ್ಕೇ ಕೊನೆ. ಉಳಿದವುಗಳಲ್ಲಿ ನಾವು ಮೊದಲು ಹೇಳುವ ಹೆಸರು ಡಿವಿಡಿ ಸ್ಟೈಲರ್. ಪೂರ್ತಿ ಉಚಿತ, ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ, ಒಳಗೆ ವಿಡಿಯೋ ಬದಲಿಸಲು ಎಫ್‌ಎಫ್‌ಎಂಪೆಗ್, ಡಿಸ್ಕ್ ಕಟ್ಟಲು ಡಿವಿಡಿ ಆಥರ್ ಕೆಲಸ ಮಾಡುತ್ತವೆ. ನೋಡಲು ಚೆಂದವೇನಿಲ್ಲ, ಆಗಾಗ ಹ್ಯಾಂಗ್ ಆಗುತ್ತದೆ, ಪ್ರಾಜೆಕ್ಟ್ ಸೇವ್ ಮಾಡುತ್ತಲೇ ಇರಬೇಕು. ಆದರೆ ಮೇಲೆ ಹೇಳಿದ ಮೂರೂ ನಮ್ಮ ಕೈಯಲ್ಲಿರುತ್ತವೆ. ಬರ್ನ್ ಮಾಡಲು ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್, ಲಿನಕ್ಸ್‌ನಲ್ಲಿ ಕೆ3ಬಿ. ಡಿವಿಡಿ ಫ್ಲಿಕ್ ಕೂಡ ಸುಲಭವಾದದ್ದೇ, ಆದರೆ 2009ರಿಂದ ಅದಕ್ಕೆ ಹೊಸ ಆವೃತ್ತಿ ಬಂದಿಲ್ಲ, ಈಗಿನ ಫೋನ್ ವಿಡಿಯೋ ಕೊಟ್ಟರೆ ಎಡವುತ್ತದೆ. ಇಂಥ ಹಳೇ ಉಚಿತ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವಾಗ ಕಣ್ಣು ಮುಚ್ಚಿ 'ನೆಕ್ಸ್ಟ್' ಒತ್ತಬೇಡಿ, ಬೇಡದ ಪ್ರೋಗ್ರಾಂಗಳೂ ಜೊತೆಗೆ ಬಂದು ಕೂರುತ್ತವೆ.

ಇನ್ನು ಬಿಟ್‌ರೇಟ್ ಲೆಕ್ಕ. ಡಿಸ್ಕಿನ ಮೇಲೆ 4.7 ಜಿಬಿ ಎಂದಿದ್ದರೂ ವಿಂಡೋಸ್ ಅದನ್ನು 4.37 ಎಂದು ತೋರಿಸುತ್ತದೆ. ಮೋಸವಲ್ಲ, ಎಣಿಸುವ ರೀತಿ ಬೇರೆ. 6,00,000ವನ್ನು ವಿಡಿಯೋದ ನಿಮಿಷಗಳಿಂದ ಭಾಗಿಸಿ. ಬಂದದ್ದು ಕಿಲೋಬಿಟ್ ಲೆಕ್ಕದಲ್ಲಿ ವಿಡಿಯೋ, ಆಡಿಯೋ ಎರಡೂ ಸೇರಿದ ಬಿಟ್‌ರೇಟ್. 120 ನಿಮಿಷಕ್ಕೆ 5,000, ಅದರಲ್ಲಿ ಆಡಿಯೋಗೆ 224 ಕಳೆದರೆ ವಿಡಿಯೋಗೆ ಸುಮಾರು 4,700. 60 ನಿಮಿಷಕ್ಕೆ 10,000 ಬರುತ್ತದೆ, ಹಾಗೆಂದು ಅಷ್ಟನ್ನೂ ಕೊಡಬಾರದು. ಡಿವಿಡಿಯಲ್ಲಿ ವಿಡಿಯೋಗೆ ಇರುವ ಮಿತಿ 9,800. ಬರ್ನ್ ಮಾಡಿದ ಡಿಸ್ಕಿನಲ್ಲಿ 8,000 ದಾಟಿದರೇ ಹಳೇ ಪ್ಲೇಯರ್‌ಗಳು ತಡವರಿಸಲು ಶುರು ಮಾಡುತ್ತವೆ. ಆಡಿಯೋಗೆ ದನಿಯನ್ನು ಕುಗ್ಗಿಸಿಡುವ ಎಸಿ-3 ಆರಿಸಿ, 192 ಅಥವಾ 224 ಸಾಕು. ಕುಗ್ಗಿಸದ ಪಿಸಿಎಂ ಆರಿಸಿದರೆ 1,536 ಕಿಲೋಬಿಟ್ ಅದಕ್ಕೇ ಹೋಗುತ್ತದೆ, ಎರಡು ಗಂಟೆಯ ಡಿಸ್ಕಿನಲ್ಲಿ ಹತ್ತಿರ ಹತ್ತಿರ 1.4 ಜಿಬಿ ಬರೀ ನಾದಸ್ವರಕ್ಕೆ.

ಮೂರು ಗಂಟೆಯ ಇ-180 ಕ್ಯಾಸೆಟ್ಟು ತುಂಬಾ ಮದುವೆ ಇದ್ದರೆ? ಎರಡು ಡಿಸ್ಕ್ ಮಾಡುವುದು ಒಳ್ಳೆಯದು. ಒಂದರಲ್ಲೇ ಬೇಕೆಂದರೆ ರೆಸಲ್ಯೂಷನ್ನನ್ನು 720×576ರ ಬದಲು 352×576ಕ್ಕೆ ಇಳಿಸಿ. ಇದೂ ಡಿವಿಡಿಯ ನಿಯಮದೊಳಗಿನ ಅಳತೆಯೇ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಇರುವ ವಿವರವೇ 240 ಗೆರೆಗಳಷ್ಟು, ಹಾಗಾಗಿ ಕಣ್ಣಿಗೆ ನಷ್ಟ ಕಾಣುವುದಿಲ್ಲ. ಮೂರು ಗಂಟೆಗೆ ಲೆಕ್ಕ ಬರುವ 3,100 ಕಿಲೋಬಿಟ್‌ನಲ್ಲಿ 720 ಅಗಲ ಇಟ್ಟರೆ ಧಾರೆಯ ಸಮಯದಲ್ಲಿ ಅಕ್ಷತೆ ಬೀಳುವ ದೃಶ್ಯ ಚೌಕ ಚೌಕವಾಗಿ ಒಡೆಯುತ್ತದೆ, 352ರಲ್ಲಿ ತಡೆದುಕೊಳ್ಳುತ್ತದೆ.

ಜನ ಹೆಚ್ಚು ಎಡವುವುದು ಫೀಲ್ಡ್ ಆರ್ಡರ್‌ನಲ್ಲಿ. ಕ್ಯಾಸೆಟ್ಟಿನ ಪ್ರತಿ ಫ್ರೇಮು ಎರಡು ಅರ್ಧಗಳಿಂದ ಆದದ್ದು, ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಒಮ್ಮೆ. ಯಾವುದು ಮೊದಲು ಎನ್ನುವುದು ತಲೆಕೆಳಗಾದರೆ ನಡೆಯುವ ಮನುಷ್ಯ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಇಟ್ಟಂತೆ ಅದುರುತ್ತಾನೆ. ಫೋಟೋಗೆ ನಿಂತ ದೃಶ್ಯದಲ್ಲಿ ಏನೂ ಗೊತ್ತಾಗದ ಕಾರಣ ತಪ್ಪು ಕಣ್ತಪ್ಪಿಸಿ ಹೋಗುತ್ತದೆ. ಮಿನಿಡಿವಿ ಟೇಪಿನಲ್ಲಿ ಕೆಳ ಫೀಲ್ಡ್ ಮೊದಲು, ಎಚ್‌ಡಿ ಕ್ಯಾಮ್‌ಕಾರ್ಡರಿನಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು. ಡಿವಿಡಿ ಸ್ಟೈಲರ್‌ನಲ್ಲಿ ವಿಡಿಯೋದ ಪ್ರಾಪರ್ಟೀಸ್ ತೆರೆದು 'ಇಂಟರ್‌ಲೇಸ್ಡ್' ಟಿಕ್ ಮಾಡಿ ಕ್ರಮ ಆರಿಸಿ. ಪರೀಕ್ಷೆಗೆ ಮೆರವಣಿಗೆ ಅಥವಾ ಆರತಿ ಎತ್ತುವ ಐದು ನಿಮಿಷದ ತುಂಡು ತೆಗೆದುಕೊಂಡು, ಅಳಿಸಿ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂಗೆ ಬರ್ನ್ ಮಾಡಿ, ಟಿವಿಯಲ್ಲಿ ನೋಡಿ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಗೆರೆಗಳನ್ನು ತಾನೇ ಬೆರೆಸಿ ತೋರಿಸಿದರೆ ತಪ್ಪು ಮುಚ್ಚಿಹೋಗುತ್ತದೆ.

ಕ್ಯಾಪ್ಚರ್ (ಕ್ಯಾಸೆಟ್ ಓಡಿಸಿ ಕಂಪ್ಯೂಟರಿಗೆ ತುಂಬಿಕೊಳ್ಳುವುದು) ಮಾಡುವಾಗಲೇ ಆಗುವ ತಪ್ಪುಗಳನ್ನು ಮುಂದೆ ಯಾವ ಸಾಫ್ಟ್‌ವೇರೂ ಸರಿಮಾಡದು. ನಮ್ಮ ದೇಶದ ಕ್ಯಾಸೆಟ್‌ಗೆ ಯುಎಸ್‌ಬಿ ಕ್ಯಾಪ್ಚರ್ ಡಿವೈಸಿನಲ್ಲಿ ಇಲ್ಲಿನ ಟಿವಿ ಪದ್ಧತಿಯಾದ ಪಾಲ್-ಬಿ ಆರಿಸಬೇಕು. ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿ ಇದ್ದರೆ ಚಿತ್ರ ಕಪ್ಪು ಬಿಳುಪಾಗಿ ಉರುಳುತ್ತದೆ. ಸಾಧ್ಯವಾದರೆ 8,000 ಕಿಲೋಬಿಟ್‌ನ ಎಂಪೆಗ್-2 ಆಗಿಯೇ ಕ್ಯಾಪ್ಚರ್ ಮಾಡಿ. ಬೇಡದ್ದನ್ನು ಅವಿಡೆಮಕ್ಸ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎನ್‌ಕೋಡ್ ಮಾಡದೆಯೇ ಕತ್ತರಿಸಬಹುದು, ಡಿವಿಡಿ ಸ್ಟೈಲರ್‌ನಲ್ಲಿ 'ಕಾಪಿ' ಎಂದು ಕೊಟ್ಟರೆ ಗಂಟೆಗಟ್ಟಲೆ ಕಾಯುವುದೂ ತಪ್ಪುತ್ತದೆ. ಹೀಗೆ ಮಾಡಿದರೆ ಡಿಸ್ಕ್ ಒಂದರಲ್ಲಿ ಸುಮಾರು 70 ನಿಮಿಷದ ವಿಡಿಯೋ ಹಿಡಿಯುತ್ತದೆ.

ಫೋನ್ ವಿಡಿಯೋ ಬೇರೆ ತಲೆನೋವು. ಫೋನು ಸೆಕೆಂಡಿಗೆ 30 ಫ್ರೇಮ್ ಅನ್ನುತ್ತದೆ, ಬೆಳಕು ಕಡಿಮೆಯಾದರೆ ಮಧ್ಯೆ ತಾನೇ ಇಳಿಸುತ್ತದೆ. ಅದನ್ನು ಹಾಗೇ ಕೊಟ್ಟರೆ ಕೊನೆಯ ಹೊತ್ತಿಗೆ ಮಾತು ಒಂದು ಕಡೆ, ತುಟಿ ಒಂದು ಕಡೆ. ಹ್ಯಾಂಡ್‌ಬ್ರೇಕ್ ಉಪಯೋಗಕ್ಕೆ ಬರುವುದು ಇಲ್ಲಿ. 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ ಒಮ್ಮೆ ಹಾಯಿಸಿ, ಆಮೇಲೆ ಡಿವಿಡಿಗೆ ಒಯ್ಯಿರಿ. ಬರೀ ಫೋನ್ ವಿಡಿಯೋಗಳೇ ಇದ್ದರೆ 25 ಫ್ರೇಮಿನ ಪಾಲ್‌ಗೆ ಬದಲಿಸುವುದಕ್ಕಿಂತ ಎನ್‌ಟಿಎಸ್‌ಸಿ ಡಿಸ್ಕ್ ಮಾಡುವುದೇ ವಾಸಿ. ಇಲ್ಲಿನ ಹೆಚ್ಚಿನ ಪ್ಲೇಯರ್‌ಗಳು ಎರಡನ್ನೂ ಓದುತ್ತವೆ. ಅಮೆರಿಕದಲ್ಲಿರುವ ಮಗಳ ಮನೆಗೆ ಕಳಿಸುವ ಡಿಸ್ಕಾದರೆ ಎನ್‌ಟಿಎಸ್‌ಸಿಯೇ ಆಗಬೇಕು, ಅಲ್ಲಿನ ಬಹಳಷ್ಟು ಪ್ಲೇಯರ್‌ಗಳು ಪಾಲ್ ಮುಟ್ಟುವುದಿಲ್ಲ.

ಮೆನುವಿನಲ್ಲಿ ಕನ್ನಡ ಬರೆಯುವುದಿದ್ದರೆ ಸಾಫ್ಟ್‌ವೇರಿನ ಅಕ್ಷರ ಪೆಟ್ಟಿಗೆಯನ್ನು ನಂಬಬೇಡಿ. ಎಷ್ಟೋ ಹಳೇ ಪ್ರೋಗ್ರಾಂಗಳಲ್ಲಿ ಯೂನಿಕೋಡ್ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ದಂಪತಿಯ ಹೆಸರು, ದಿನಾಂಕ ಎಲ್ಲವನ್ನೂ ಗಿಂಪ್‌ನಂಥ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ಚಿತ್ರವಾಗಿಯೇ ಮಾಡಿ ಹಿನ್ನೆಲೆಗೆ ಹಾಕಿ, ಅದರ ಮೇಲೆ ಬರೀ ಚೌಕಟ್ಟಿನ ಬಟನ್ ಇಡಿ. ಚಿತ್ರದ ಅಳತೆ 4:3ಕ್ಕೆ 768×576, ಅಗಲದ ಟಿವಿಗೆ 1024×576. ಅಂಚಿನಿಂದ ಹತ್ತರಲ್ಲಿ ಒಂದು ಭಾಗ ಖಾಲಿ ಬಿಡಿ, ಹಳೇ ಡಬ್ಬಾ ಟಿವಿ ಅಂಚನ್ನು ನುಂಗುತ್ತದೆ.

ದುಡ್ಡು ಕೊಡುವುದು ಯಾವಾಗ? ತಿಂಗಳಿಗೆ ಹತ್ತಾರು ಡಿಸ್ಕ್ ಮಾಡುವವರಿಗೆ ಟಿಎಂಪಿಜಿಎನ್‌ಕ್ ಆಥರಿಂಗ್ ವರ್ಕ್ಸ್‌ನಂಥದ್ದು ಲಾಭ. ಕತ್ತರಿಸಿದ ಜಾಗವನ್ನಷ್ಟೇ ಮತ್ತೆ ಎನ್‌ಕೋಡ್ ಮಾಡಿ ಉಳಿದದ್ದನ್ನು ಹಾಗೇ ಬಿಡುವುದರಿಂದ ಸಮಯ ಉಳಿಯುತ್ತದೆ. ಮನೆಯ ಐದಾರು ಕ್ಯಾಸೆಟ್ಟಿಗೆ ಅಷ್ಟು ಖರ್ಚು ಬೇಕಿಲ್ಲ. ಯಾವುದೇ ಪೇಯ್ಡ್ ಸಾಫ್ಟ್‌ವೇರನ್ನು ಟ್ರಯಲ್‌ನಲ್ಲಿ ಇದೇ ಐದು ನಿಮಿಷದ ತುಂಡಿನಿಂದ ಕೊನೆಯವರೆಗೆ ಓಡಿಸಿ ನೋಡಿ. ವಾಟರ್‌ಮಾರ್ಕ್ ಬೀಳುತ್ತದೆಯೇ, ಐಎಸ್‌ಒ (ಇಡೀ ಡಿಸ್ಕಿನ ಪಡಿಯಚ್ಚಾದ ಒಂದೇ ಫೈಲು) ಆಗಿ ಸೇವ್ ಆಗುತ್ತದೆಯೇ, ಚಂದಾ ಮುಗಿದ ಮೇಲೆ ಹಳೇ ಪ್ರಾಜೆಕ್ಟ್ ತೆರೆಯುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿ. ನೇರ ಡಿಸ್ಕಿಗೆ ಮಾತ್ರ ಬರೆಯುವ ಸಾಫ್ಟ್‌ವೇರ್ ಬೇಡವೇ ಬೇಡ, ಮಧ್ಯೆ ಕರೆಂಟು ಹೋದರೆ ಎನ್‌ಕೋಡಿಂಗೂ ಹೋಯಿತು, ಡಿಸ್ಕೂ ಹೋಯಿತು.

ಬರ್ನ್ ಮಾಡುವಾಗ 16 ಎಕ್ಸ್ ಡಿಸ್ಕಿಗೂ 8 ಎಕ್ಸ್ ವೇಗ ಸಾಕು, 'ವೆರಿಫೈ' ಟಿಕ್ ಇರಲಿ. ಡಿಸ್ಕನ್ನು ಅಂಚಿನವರೆಗೆ ತುಂಬಬೇಡಿ, ಓದಲು ಆಗದ ಜಾಗ ಮೊದಲು ಕಾಣಿಸುವುದು ಹೊರಗಿನ ಸುತ್ತಿನಲ್ಲೇ. ಮೇಲೆ ಸ್ಟಿಕರ್ ಅಂಟಿಸಬೇಡಿ, ಡಿಸ್ಕಿಗೆಂದೇ ಸಿಗುವ ಮಾರ್ಕರ್‌ನಲ್ಲಿ ಬರೆಯಿರಿ. ಕ್ಯಾಪ್ಚರ್ ಮಾಡಿದ ಮೂಲ ಫೈಲು ಮತ್ತು ಐಎಸ್‌ಒ ಎರಡೂ ಹಾರ್ಡ್ ಡಿಸ್ಕಿನಲ್ಲಿ ಉಳಿಯಲಿ. ಮಿನಿಡಿವಿ ಆದರೆ ಗಂಟೆಗೆ 13 ಜಿಬಿ, 8,000 ಕಿಲೋಬಿಟ್‌ನ ಎಂಪೆಗ್-2 ಆದರೆ 3.6 ಜಿಬಿ ಜಾಗ ಲೆಕ್ಕ ಹಾಕಿಕೊಳ್ಳಿ. ಚಿಕ್ಕಮ್ಮ ಇನ್ನೊಂದು ಕಾಪಿ ಕೇಳಿದರೆ ಐಎಸ್‌ಒ ಇದ್ದವರಿಗೆ ಅದು ಹತ್ತು ನಿಮಿಷದ ಕೆಲಸ.