ಬಾತಲ್ ದಾರಿಯಲ್ಲಿ ತಿರುಚಿದ ಫೋರ್ಕ್: ಮನಾಲಿಯಿಂದ ಕಾಜಾಕ್ಕೆ ಬೈಕಿನಲ್ಲಿ ಹೊರಡುವವರಿಗೆ

ಮನಾಲಿಯಿಂದ ಸ್ಪಿತಿ ಕಣಿವೆಯ ಕಾಜಾಕ್ಕೆ ಹೋಗುವ ದಾರಿ ಇನ್ನೂರು ಕಿಲೋಮೀಟರಿನ ಆಸುಪಾಸಿನದು. ಬೆಂಗಳೂರಿನಿಂದ ಹಾಸನಕ್ಕೆ ಹೋಗುವಷ್ಟೇ ದೂರವೆಂದು ಲೆಕ್ಕ ಹಾಕಿದರೆ ಮೋಸ ಹೋಗುತ್ತೇವೆ. 2020ರ ಅಕ್ಟೋಬರಿನಲ್ಲಿ ಸಂಚಾರಕ್ಕೆ ತೆರೆದ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗವು ರೋಹ್ತಾಂಗ್ ಕಣಿವೆದಾರಿಯನ್ನು (ಪಾಸ್) ಹತ್ತಿ ಇಳಿಯುವ ಶ್ರಮವನ್ನು ಉಳಿಸಿದೆ. ಆದರೆ ಸುರಂಗ ದಾಟಿ, ಕೋಕ್ಸರ್ ಮೂಲಕ ಗ್ರಾಂಫೂ ಎಂಬಲ್ಲಿ ಸ್ಪಿತಿಯ ಕಡೆಗೆ ತಿರುಗಿದ ಮೇಲೆ, ಚಂದ್ರಾ ನದಿಯ ದಂಡೆಯನ್ನು ಹಿಡಿದು ಛತ್ರು ಮತ್ತು ಬಾತಲ್ ಮುಟ್ಟುವವರೆಗಿನ ಸುಮಾರು ಐವತ್ತು ಕಿಲೋಮೀಟರಿನಲ್ಲಿ ನಾನು ಕಂಡದ್ದು ಹೆಚ್ಚಾಗಿ ಉರುಟು ಕಲ್ಲುಗಳ ಹಾಸು ಮತ್ತು ಅದರ ಮೇಲೆ ಹರಿಯುವ ಹಿಮದ ನೀರು. ಆ ಹಾದಿಯಲ್ಲಿಯೇ ನನ್ನ ಬೈಕ್ ಬಿದ್ದು, ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಜೋಡಿ ಕಾಲು, ಅಂದರೆ ಫೋರ್ಕ್, ತಿರುಚಿಕೊಂಡಿತು. ಅದನ್ನು ಸರಿಪಡಿಸಲು ಒಂದು ಮಧ್ಯಾಹ್ನ, ಒಂದು ಸಂಜೆ ಮತ್ತು ಮರುದಿನದ ಬೆಳಗು ಬೇಕಾಯಿತು. ಸರಿಯಾದ ಸ್ಪ್ಯಾನರ್ ಜೊತೆಗಿದ್ದು, ಕೆಲಸದ ಕ್ರಮ ಮೊದಲೇ ಗೊತ್ತಿದ್ದರೆ ಒಂದು ಗಂಟೆ ಸಾಕಾಗುತ್ತಿತ್ತು. ಅದೇ ದಾರಿಯಲ್ಲಿ ಹೋಗುವವರಿಗೆ ಆ ಕ್ರಮವನ್ನು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ನನ್ನದು 411 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಪೆಟ್ರೋಲ್ ತುಂಬಿದಾಗ ಅದರ ತೂಕ ಸುಮಾರು 199 ಕಿಲೋ. ಅದರ ಮೇಲೆ ಎರಡು ಬದಿಯ ಚೀಲಗಳು, ಡೇರೆ ಮತ್ತು ಐದು ಲೀಟರಿನ ಪೆಟ್ರೋಲ್ ಕ್ಯಾನ್ ಇದ್ದವು. ಜುಲೈ ತಿಂಗಳು, ಜೊತೆಗಾರನೊಬ್ಬನಿದ್ದ. ಮನಾಲಿಯನ್ನು ಬೆಳಿಗ್ಗೆ ಐದಕ್ಕೆ ಬಿಡಬೇಕೆಂದುಕೊಂಡಿದ್ದವರು ಬಿಟ್ಟದ್ದು ಎಂಟೂವರೆಗೆ. ಈ ಮೂರೂವರೆ ಗಂಟೆಯ ವಿಳಂಬವೇ ಮುಂದಿನ ಎಲ್ಲಕ್ಕೂ ಮೂಲವೆಂದು ಈಗಲೂ ನಂಬಿದ್ದೇನೆ. ಆ ದಾರಿಗೆ ಅಡ್ಡವಾಗಿ ಹರಿಯುವ ನಾಲೆಗಳಿಗೆ, ಅಂದರೆ ಬೆಟ್ಟದ ತೊರೆಗಳಿಗೆ, ನೀರು ಬರುವುದು ಮೇಲಿನ ಹಿಮನದಿಗಳು ಕರಗುವುದರಿಂದ. ರಾತ್ರಿಯ ಚಳಿಯಲ್ಲಿ ಕರಗುವುದು ತಗ್ಗಿ, ಬೆಳಗಿನ ಹೊತ್ತು ಪಾದ ಮುಳುಗುವಷ್ಟು ಮಾತ್ರ ನೀರಿರುವ ನಾಲೆ ಮಧ್ಯಾಹ್ನ ಎರಡರ ಹೊತ್ತಿಗೆ ಮೊಣಕಾಲಿನವರೆಗೆ ಏರುತ್ತದೆ. ನಾವು ಛತ್ರು ದಾಟಿ, ಬಾತಲಿಗೆ ಇನ್ನೂ ಕೆಲವು ಕಿಲೋಮೀಟರ್ ಇರುವಾಗ ಅಂತಹ ಒಂದು ನಾಲೆಯ ಮುಂದೆ ನಿಂತಾಗ ಸಮಯ ಒಂದೂವರೆ ದಾಟಿತ್ತು. ನೀರು ಬೂದುಬಣ್ಣದ್ದಾಗಿದ್ದು ತಳದ ಕಲ್ಲು ಕಾಣಿಸುತ್ತಿರಲಿಲ್ಲ. ಇಳಿದು ನಡೆದು ನೋಡಿ ಬರಬೇಕಿತ್ತು. ಹಿಂದಿನ ಎರಡು ನಾಲೆಗಳನ್ನು ಸುಲಭವಾಗಿ ದಾಟಿದ ಧೈರ್ಯದಲ್ಲಿ ನೇರವಾಗಿ ಇಳಿಸಿದೆ.

ನಡು ನೀರಿನಲ್ಲಿ ಮುಂದಿನ ಚಕ್ರ ಎರಡು ಗುಂಡುಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ವೇಗ ನಡಿಗೆಯಷ್ಟೇ ಇತ್ತು. ಆದರೆ ಚಕ್ರ ನಿಂತಲ್ಲಿಯೇ ನಿಂತು, ಚೀಲಗಳ ಭಾರದೊಂದಿಗೆ ಬೈಕಿನ ದೇಹ ಎಡಕ್ಕೆ ವಾಲಿ ಬಿತ್ತು. ಹ್ಯಾಂಡಲಿನ ಎಡತುದಿ ಕಲ್ಲಿಗೆ ಬಡಿಯಿತು. ಫೋರ್ಕ್ ತಿರುಚುವುದು ಹೀಗೆಯೇ. ಎರಡು ಫೋರ್ಕ್ ಪೈಪುಗಳನ್ನು ಮೇಲೊಂದು ಕೆಳಗೊಂದು ಕ್ಲಾಂಪ್ ಹಿಡಿದಿರುತ್ತವೆ; ನಮ್ಮ ಗ್ಯಾರೇಜುಗಳಲ್ಲಿ ಇವುಗಳನ್ನು ‘ಟಿ’ ಎನ್ನುತ್ತಾರೆ. ಹ್ಯಾಂಡಲ್ ಕೂತಿರುವುದು ಮೇಲಿನ ಟಿಯ ಮೇಲೆ. ಕೆಳಗೆ ಚಕ್ರ ಅಲುಗದೆ ಹಿಡಿದುಕೊಂಡು ಮೇಲೆ ಹ್ಯಾಂಡಲಿಗೆ ಹೊಡೆತ ಬಿದ್ದಾಗ, ಮೇಲಿನ ಟಿ ಕೆಳಗಿನದಕ್ಕೆ ಹೋಲಿಸಿದರೆ ಕೊಂಚ ಸುತ್ತುತ್ತದೆ. ಒಂದು ಪೈಪು ಕೂದಲೆಳೆಯಷ್ಟು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಓರೆಯಾಗುತ್ತದೆ. ಯಾವ ಭಾಗವೂ ಬಾಗಿರಬೇಕೆಂದಿಲ್ಲ. ಬಿಗಿಹಿಡಿದ ಜಾಗಗಳಲ್ಲಿ ಜಾರಿರುತ್ತದೆ ಅಷ್ಟೆ. ನಿಧಾನವಾಗಿ ಬಿದ್ದ ಬೈಕಿನಲ್ಲಿ ಹೆಚ್ಚಾಗಿ ಆಗುವುದು ಇದೇ.

ಬಿದ್ದ ಕೂಡಲೇ ಎಂಜಿನ್ ಸ್ವಿಚ್ ಆರಿಸಿ, ಹಿಂಬದಿಯ ಚೀಲಗಳನ್ನು ಬಿಚ್ಚಿ ದಡಕ್ಕೆ ಹಾಕಿ, ಆಮೇಲೆ ಬೈಕ್ ಎತ್ತಿದೆವು. ಚೀಲಗಳೊಂದಿಗೇ ಎತ್ತಲು ಹೋಗಬೇಡಿ. ಬಾತಲಿನ ಆಸುಪಾಸಿನ ಎತ್ತರ ಸುಮಾರು ನಾಲ್ಕು ಸಾವಿರ ಮೀಟರ್. ಅಲ್ಲಿ ಒಂದು ಸಲ ಜೋರಾಗಿ ಶ್ರಮಪಟ್ಟರೆ ಐದು ನಿಮಿಷ ಉಸಿರು ತಿರುಗುವುದಿಲ್ಲ. ಬೈಕಿನ ಸೀಟಿಗೆ ಬೆನ್ನು ಕೊಟ್ಟು ಕುಕ್ಕರಿಸಿ ಕುಳಿತು, ಒಂದು ಕೈಯಿಂದ ಹ್ಯಾಂಡಲಿನ ಹಿಡಿಯನ್ನೂ ಇನ್ನೊಂದರಿಂದ ಹಿಂದಿನ ಕಂಬಿಯನ್ನೂ ಹಿಡಿದು, ಬೆನ್ನನ್ನು ಬಾಗಿಸದೆ ಕಾಲುಗಳ ಬಲದಿಂದಲೇ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಎತ್ತಬೇಕು. ಬೈಕ್ ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ತೆರೆದಿಡಬೇಕು, ಇಲ್ಲದಿದ್ದರೆ ಅದು ಇನ್ನೊಂದು ಬದಿಗೆ ಬೀಳುತ್ತದೆ. ಗಾಳಿ ಎಳೆಯುವ ಜಾಗ ನೀರಿನಲ್ಲಿ ಮುಳುಗಿತ್ತೆಂಬ ಅನುಮಾನವಿದ್ದರೆ, ಏರ್ ಫಿಲ್ಟರ್ ತೆರೆದು ಒಣಗಿದೆಯೇ ಎಂದು ನೋಡದೆ ಸ್ಟಾರ್ಟ್ ಮಾಡಬಾರದು. ನಮ್ಮದು ಒಣಗಿತ್ತು.

ದಡದಲ್ಲಿ ನಿಲ್ಲಿಸಿ ನೋಡಿದಾಗ, ಚಕ್ರ ನೇರವಾಗಿದ್ದರೂ ಹ್ಯಾಂಡಲಿನ ಎಡತುದಿ ಎರಡು ಬೆರಳಿನಷ್ಟು ಹಿಂದಕ್ಕೆ ಬಂದಿತ್ತು. ಇಂತಹ ಹೊತ್ತಿನಲ್ಲಿ ಮೊದಲು ಮಾಡಬೇಕಾದ್ದು ಸ್ಪ್ಯಾನರ್ ಹುಡುಕುವುದಲ್ಲ, ಪರೀಕ್ಷೆ. ತಿರುಚಿದ್ದನ್ನು ದಾರಿಯಲ್ಲಿ ಸರಿಮಾಡಬಹುದು. ಬಾಗಿದ್ದನ್ನು ಮಾಡಲಾಗದು, ಮಾಡಲೂ ಬಾರದು. ಹ್ಯಾಂಡಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸಿದಾಗ ನಡುವೆ ಎಲ್ಲಿಯಾದರೂ ಕಚ್ಚಿಕೊಂಡರೆ, ಹ್ಯಾಂಡಲ್ ಸರಾಗವಾಗಿ ತಿರುಗಲು ಇರುವ ಬೇರಿಂಗಿಗೆ, ಅಂದರೆ ಬಾಲ್ ರೇಸ್‌ಗೆ, ಪೆಟ್ಟಾಗಿದೆ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಒತ್ತಿದಾಗ ಫೋರ್ಕ್ ಇಳಿದು ಮೇಲೇಳುವುದು ಸರಾಗವಾಗಿರಬೇಕು. ಅರ್ಧದಲ್ಲಿ ನಿಂತರೆ ಪೈಪು ಬಾಗಿರುವ ಸಾಧ್ಯತೆ ಇದೆ. ಹೆಡ್‌ಲೈಟಿನ ಹಿಂದೆ, ಫ್ರೇಮಿನ ಕೊಳವೆಗಳು ಸ್ಟೀರಿಂಗ್ ತಲೆಗೆ ಸೇರುವ ಜಾಗದಲ್ಲಿ ಬಣ್ಣ ಸುಕ್ಕುಗಟ್ಟಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಹಾಗಿದ್ದರೆ ಫ್ರೇಮಿಗೇ ಪೆಟ್ಟಾಗಿದೆ, ಆ ಬೈಕ್ ಮುಂದಕ್ಕೆ ಲಾರಿಯಲ್ಲಿಯೇ ಹೋಗಬೇಕು. ಹಾಗೆಯೇ, ಬಾಗಿರುವುದು ಹ್ಯಾಂಡಲ್ ಬಾರ್ ಮಾತ್ರವೇ ಎಂಬುದನ್ನೂ ನೋಡಿ. ಹಲವರು ಫೋರ್ಕ್ ಬಿಚ್ಚಿ, ಮುಗಿದ ಮೇಲೆ ಕಂಬಿ ಸೊಟ್ಟಗಿದ್ದುದನ್ನು ಕಾಣುತ್ತಾರೆ. ಐದಾರು ಮೀಟರ್ ಮುಂದೆ ನಿಂತು, ಕುಕ್ಕರಿಸಿ, ಮೇಲಿನ ಟಿಯ ಅಂಚನ್ನೂ ಕೆಳಗಿನ ಟಿಯ ಅಂಚನ್ನೂ ಒಂದೇ ನೋಟದಲ್ಲಿ ಹೋಲಿಸಿದರೆ ಯಾವುದು ಸೊಟ್ಟಗಿದೆ ಎಂಬುದು ತಿಳಿಯುತ್ತದೆ. ನನ್ನ ಬೈಕಿನಲ್ಲಿ ಎರಡು ಅಂಚುಗಳು ಸಮಾನಾಂತರವಾಗಿರಲಿಲ್ಲ. ಉಳಿದ ಪರೀಕ್ಷೆಗಳೆಲ್ಲ ಸರಿಯಾಗಿ ಬಂದವು.

ಅಲ್ಲಿ ನಾನು ಮಾಡಿದ ಮೊದಲ ಪ್ರಯತ್ನ, ನಮ್ಮೂರುಗಳಲ್ಲಿ ಎಲ್ಲರೂ ಮಾಡುವಂಥದ್ದು: ಮುಂದೆ ನಿಂತು ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಬಿಗಿಯಾಗಿ ಹಿಡಿದು ಹ್ಯಾಂಡಲನ್ನು ಜಗ್ಗುವುದು. ಹಗುರವಾದ ನೂರು ಸಿಸಿಯ ಬೈಕಿನಲ್ಲಿ ಇದು ನಡೆದೀತು. ಇಲ್ಲಿ ಅರ್ಧ ಬೆರಳಿನಷ್ಟು ಸರಿದಂತೆ ಕಂಡು, ಎರಡು ಕಿಲೋಮೀಟರ್ ಓಡುವಷ್ಟರಲ್ಲಿ ಮತ್ತೆ ಮೊದಲಿನ ಜಾಗಕ್ಕೇ ಬಂತು. ಸೊಟ್ಟ ಹ್ಯಾಂಡಲಿನಲ್ಲಿಯೇ ನಿಧಾನವಾಗಿ ಬಾತಲ್ ಮುಟ್ಟಿದೆವು. ಚಂದ್ರತಾಲ ಸರೋವರಕ್ಕೆ ಹೋಗುವವರು ನಿಲ್ಲುವ ಢಾಬಾಗಳು ಅಲ್ಲಿವೆ, ಮಲಗಲು ಜಾಗವೂ ಸಿಗುತ್ತದೆ. ಮುಂದೆ ಇದ್ದದ್ದು 4,500 ಮೀಟರಿಗೂ ಎತ್ತರದ ಕುಂಜುಮ್ ಕಣಿವೆದಾರಿಯ ತಿರುವುಗಳು. ಅನುಮಾನವಿರುವ ಫೋರ್ಕಿನಲ್ಲಿ ಅದನ್ನು ಹತ್ತುವುದಿಲ್ಲವೆಂದು ಇಬ್ಬರೂ ಒಪ್ಪಿಕೊಂಡೆವು. ಆ ಇಡೀ ದಿನದಲ್ಲಿ ನಾವು ಮಾಡಿದ ಸರಿಯಾದ ನಿರ್ಧಾರ ಅದೊಂದೇ.

ಸಂಜೆ ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗಿನ ರಕ್ಷಾ ತಗಡಿನಡಿ ಹಲಗೆಯ ತುಂಡೊಂದನ್ನೂ ಚಪ್ಪಟೆ ಕಲ್ಲುಗಳನ್ನೂ ಇಟ್ಟು, ಮುಂದಿನ ಚಕ್ರ ನೆಲದಿಂದ ಸ್ವಲ್ಪ ಮೇಲೇಳುವಂತೆ ಮಾಡಿದೆವು. ಇದು ಅನುಕೂಲಕ್ಕಾಗಿ ಮಾಡುವುದಲ್ಲ. ಬೈಕಿನ ಭಾರ ಫೋರ್ಕಿನ ಮೇಲಿರುವಾಗ ಎರಡೂ ಟಿಗಳ ಬೋಲ್ಟುಗಳನ್ನು ಸಡಿಲಿಸಿದರೆ ಪೈಪುಗಳು ಮೇಲಕ್ಕೆ ಜಾರಿ ಬೈಕಿನ ಮೂತಿ ಕೆಳಗೆ ಕುಸಿಯುತ್ತದೆ. ಅದಕ್ಕಾಗಿಯೇ, ಮೇಲಿನ ಟಿಯಿಂದ ಪೈಪು ಎಷ್ಟು ಹೊರಬಂದಿದೆ ಎಂಬುದನ್ನು ಎರಡೂ ಬದಿಯಲ್ಲಿ ಮಾರ್ಕರಿನಿಂದ ಗುರುತಿಸಿ ಫೋಟೋ ತೆಗೆದುಕೊಳ್ಳಬೇಕು.

ಕೆಳಗಿನ ಟಿಯ ಬೋಲ್ಟು, ಮೇಲಿನ ಟಿಯ ಬೋಲ್ಟು, ಎರಡನ್ನೂ ಸಡಿಲಿಸಿ ಹ್ಯಾಂಡಲ್ ತಿರುಗಿಸಿದೆ. ಸರಿಹೋದಂತೆ ಕಂಡಿತು, ಬಿಗಿಮಾಡಿ ಕೈಬಿಟ್ಟಾಗ ಮತ್ತೆ ಅರ್ಧ ಹಿಂದಕ್ಕೆ ಚಿಮ್ಮಿತು. ಕತ್ತಲಾಗುವವರೆಗೆ ಇದನ್ನೇ ಮೂರು ಸಲ ಮಾಡಿದೆ. ಕಾರಣ ಹೊಳೆದದ್ದು ರಾತ್ರಿ, ಕಂಬಳಿಯೊಳಗೆ ಮಲಗಿ ಯೋಚಿಸುವಾಗ: ತಿರುಚನ್ನು ಹಿಡಿದಿಟ್ಟುಕೊಂಡಿರುವುದು ಟಿಯ ಬೋಲ್ಟುಗಳಷ್ಟೇ ಅಲ್ಲ. ಕೆಳಗೆ ಚಕ್ರದ ಆಕ್ಸಲ್ (ಅಚ್ಚು) ಎರಡು ಕಾಲುಗಳನ್ನೂ ಒಂದಕ್ಕೊಂದು ಬಿಗಿದಿರುತ್ತದೆ. ಮಡ್‌ಗಾರ್ಡಿನ ಪಟ್ಟಿ ನಡುವೆ ಬಿಗಿದಿರುತ್ತದೆ. ಮೇಲೆ, ಸ್ಟೀರಿಂಗ್ ಕಂಬದ ತುದಿಯ ದೊಡ್ಡ ನಟ್ಟು ಮೇಲಿನ ಟಿಯನ್ನು ತಿರುಚಿದ ಸ್ಥಿತಿಯಲ್ಲಿಯೇ ಅದುಮಿ ಹಿಡಿದಿರುತ್ತದೆ. ಇವನ್ನು ಬಿಟ್ಟು ಬೇರೆಯದನ್ನೆಲ್ಲ ಸಡಿಲಿಸಿದರೂ ಲೋಹ ತಾನಿದ್ದ ಜಾಗಕ್ಕೇ ಮರಳುತ್ತದೆ.

ದೊಡ್ಡ ನಟ್ಟಿಗೆ ಬೇಕಾದ ಸ್ಪ್ಯಾನರ್ ನನ್ನ ಬಳಿ ಇರಲಿಲ್ಲ. ಬೆಳಿಗ್ಗೆ ಚಹಾಕ್ಕೆ ನಿಂತ ಲಾರಿಯ ಚಾಲಕರೊಬ್ಬರು ತಮ್ಮ ಪೆಟ್ಟಿಗೆಯಿಂದ ಹುಡುಕಿ ಕೊಟ್ಟರು, ಕೆಲಸ ಮುಗಿಯುವವರೆಗೆ ಕಾದೂ ನಿಂತರು. ಅವರಿಲ್ಲದಿದ್ದರೆ ಅಲ್ಲಿಂದ ಹೊರಡುವುದು ಹೇಗಾಗುತ್ತಿತ್ತೋ ಹೇಳಲಾರೆ. ಮಡ್‌ಗಾರ್ಡಿನ ಬೋಲ್ಟುಗಳು, ಆಕ್ಸಲ್ ಮತ್ತು ಅದನ್ನು ಕಚ್ಚಿಹಿಡಿಯುವ ಪಿಂಚ್ ಬೋಲ್ಟು, ಎರಡೂ ಟಿಗಳ ಬೋಲ್ಟುಗಳು, ಮೇಲಿನ ದೊಡ್ಡ ನಟ್ಟು, ಎಲ್ಲವನ್ನೂ ಒಂದೆರಡು ಸುತ್ತು ಮಾತ್ರ ಸಡಿಲಿಸಿದೆವು. ದೊಡ್ಡ ನಟ್ಟಿನ ಕೆಳಗೆ, ಟಿಯ ಅಡಿಯಲ್ಲಿರುವ, ಅಂಚಿನಲ್ಲಿ ಕಚ್ಚುಗಳುಳ್ಳ ಇನ್ನೊಂದು ನಟ್ಟು ಬಾಲ್ ರೇಸಿನ ಬಿಗಿತವನ್ನು ನಿರ್ಧರಿಸುವಂಥದ್ದು, ಅದನ್ನು ಮುಟ್ಟಬಾರದು. ಜೊತೆಗಾರ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದ, ನಾನು ಹ್ಯಾಂಡಲನ್ನು ಹಿಡಿದು ತಿರುಗಿಸಿದೆ. ಹಿಂದಿನ ದಿನ ಇಡೀ ಬಲ ಹಾಕಿದರೂ ಒಪ್ಪದಿದ್ದುದು ಈಗ ಒಂದೇ ಕೈಗೆ ಬಂತು.

ಬಿಗಿಮಾಡುವ ಕ್ರಮವೂ ಮುಖ್ಯ. ಗುರುತಿನ ಎತ್ತರಕ್ಕೆ ಪೈಪುಗಳನ್ನು ಹೊಂದಿಸಿ, ಕೆಳಗಿನ ಟಿಯ ಬೋಲ್ಟುಗಳನ್ನು ಜಾರದಷ್ಟು ಮಾತ್ರ ಬಿಗಿದು, ಆಕ್ಸಲಿನ ನಟ್ಟನ್ನು ಕಚ್ಚಿಸಿ, ಕಲ್ಲುಗಳನ್ನು ತೆಗೆದು ಚಕ್ರವನ್ನು ನೆಲಕ್ಕೆ ಇಳಿಸಬೇಕು. ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಏಳೆಂಟು ಸಲ ಜೋರಾಗಿ ಒತ್ತಿ ಬಿಟ್ಟರೆ ಎರಡು ಕಾಲುಗಳೂ ಆಕ್ಸಲಿನ ಮೇಲೆ ತಮ್ಮ ಸಹಜ ಜಾಗಕ್ಕೆ ಬಂದು ಕೂರುತ್ತವೆ. ಆಮೇಲೆ ಆಕ್ಸಲ್ ನಟ್ಟು, ಅದರ ಪಿಂಚ್ ಬೋಲ್ಟು, ಕೆಳಗಿನ ಟಿ, ಮೇಲಿನ ದೊಡ್ಡ ನಟ್ಟು, ಮೇಲಿನ ಟಿ, ಕೊನೆಗೆ ಮಡ್‌ಗಾರ್ಡ್. ನಾನು ಅವಸರದಲ್ಲಿ ಒತ್ತುವ ಮೊದಲೇ ಪಿಂಚ್ ಬೋಲ್ಟನ್ನು ಬಿಗಿದುಬಿಟ್ಟಿದ್ದೆ. ಚಕ್ರವನ್ನು ಎತ್ತಿ ತಿರುಗಿಸಿದಾಗ ಡಿಸ್ಕ್ ಉಜ್ಜುವ ಸದ್ದು ಬಂದು, ಆ ಭಾಗವನ್ನು ಮತ್ತೆ ಮಾಡಬೇಕಾಯಿತು. ಟಿಯ ಬೋಲ್ಟುಗಳನ್ನು ಗಿಡ್ಡ ಅಲೆನ್ ಕೀಯಿಂದ, ಮಣಿಕಟ್ಟಿನ ಬಲದಿಂದ, ಒಂದು ಸಲ ಅದು ಒಂದು ಸಲ ಇದು ಎಂಬಂತೆ ಬಿಗಿಯಿರಿ. ಕೊಳವೆ ತೂರಿಸಿ ಉದ್ದಮಾಡಿ ಜಗ್ಗಿದರೆ ಅಲ್ಯೂಮಿನಿಯಮ್ಮಿನೊಳಗಿನ ಥ್ರೆಡ್ ಕಿತ್ತು ಬರುತ್ತದೆ, ಆ ಹಾದಿಯಲ್ಲಿ ಅದಕ್ಕೆ ಪರಿಹಾರವಿಲ್ಲ. ನಿಮ್ಮ ಬೈಕಿನ ಸರ್ವಿಸ್ ಪುಸ್ತಕದಲ್ಲಿ ಪ್ರತಿ ಬೋಲ್ಟಿನ ಬಿಗಿತದ ಅಂಕಿ ಇರುತ್ತದೆ. ಆ ಪುಟದ ಚಿತ್ರ ಫೋನಿನಲ್ಲಿರಲಿ, ಏಕೆಂದರೆ ಗ್ರಾಂಫೂ ದಾಟಿದ ಮೇಲೆ ಬಾತಲಿನವರೆಗೆ ನನ್ನ ಫೋನಿಗೆ ನೆಟ್‌ವರ್ಕ್ ಸಿಗಲಿಲ್ಲ. ಹೊರಡುವ ಮುನ್ನ ಬ್ರೇಕ್ ಲಿವರನ್ನು ಗಟ್ಟಿಯಾಗುವವರೆಗೆ ಒತ್ತಿ ನೋಡಿ, ಬ್ರೇಕಿನ ಪೈಪು ಮತ್ತು ಎಬಿಎಸ್ ತಂತಿ ಎಲ್ಲಿಯೂ ಸೆಳೆದುಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಮನೆಯಿಂದ ಹೊರಡುವ ಮೊದಲು ಒಂದು ಭಾನುವಾರ, ನಿಮ್ಮ ಬೈಕಿನ ಮುಂಭಾಗದ ಪ್ರತಿಯೊಂದು ಬೋಲ್ಟಿಗೂ ನಿಮ್ಮ ಚೀಲದಲ್ಲಿರುವ ಕೀಲಿ ಹೊಂದುತ್ತದೆಯೇ ಎಂದು ಹಾಕಿ ನೋಡಿ. ಕಂಪನಿ ಕೊಡುವ ಟೂಲ್ ಕಿಟ್ಟಿನಲ್ಲಿ ಎಲ್ಲವೂ ಇದೆಯೆಂದು ನಾನು ನಂಬಿದ್ದೆ, ಒಮ್ಮೆಯೂ ತೆರೆದು ನೋಡಿರಲಿಲ್ಲ. ಮನಾಲಿಯಲ್ಲಿ ಬೈಕ್ ಬಾಡಿಗೆಗೆ ಪಡೆಯುವವರು ಹಣ ಕೊಡುವ ಮೊದಲೇ ಹ್ಯಾಂಡಲ್ ಮತ್ತು ಫೋರ್ಕಿನ ಫೋಟೋ ತೆಗೆದಿಟ್ಟುಕೊಂಡು, ಒಂದು ಕಿಲೋಮೀಟರ್ ಓಡಿಸಿ ಹ್ಯಾಂಡಲ್ ನೇರವಾಗಿದೆಯೇ ಎಂದು ಪರೀಕ್ಷಿಸಬೇಕು. ಮೊದಲೇ ಸೊಟ್ಟಗಿದ್ದ ಬೈಕಿನ ದಂಡ ನೀವು ತೆರಬೇಕಾಗಬಾರದು. ಪೆಟ್ರೋಲನ್ನು ಮನಾಲಿಯಲ್ಲಿ ಪೂರ್ತಿ ತುಂಬಿಸಿ, ಈ ದಾರಿಯಲ್ಲಿ ಮುಂದಿನ ಬಂಕ್ ಕಾಜಾದಲ್ಲಿಯೇ.

ನಾವು ಬೆಳಿಗ್ಗೆ ಒಂಬತ್ತಕ್ಕೆ ಬಾತಲ್ ಬಿಟ್ಟು, ಕುಂಜುಮಿನ ಮೇಲಿನ ಗುಡಿಗೆ ಪ್ರದಕ್ಷಿಣೆ ಹಾಕಿ, ಲೋಸರ್ ಮೂಲಕ ಸಂಜೆಗೆ ಕಾಜಾ ಸೇರಿದೆವು. ಇಳಿಜಾರಿನಲ್ಲಿ ಹಿಡಿಯನ್ನು ಸಡಿಲಿಸಿ ನೋಡಿದಾಗ ಬೈಕ್ ಯಾವ ಬದಿಗೂ ಎಳೆಯಲಿಲ್ಲ. ಕಾಜಾದ ಮೆಕ್ಯಾನಿಕ್ ಟಾರ್ಕ್ ವ್ರೆಂಚಿನಿಂದ ಎಲ್ಲ ಬೋಲ್ಟುಗಳನ್ನೂ ಪರೀಕ್ಷಿಸಿದಾಗ ಕೆಳಗಿನ ಟಿಯ ಎಡಬದಿಯದು ಕಾಲು ಸುತ್ತು ಇನ್ನೂ ಬೇಡಿತು. ಬೆಂಗಳೂರಿಗೆ ಮರಳಿದ ಮೇಲೆ ಪೈಪುಗಳನ್ನು ಪೂರ್ತಿ ಹೊರತೆಗೆಸಿ, ಡಯಲ್ ಗೇಜಿನಲ್ಲಿ ಸುತ್ತಿಸಿ ನೋಡಿಸಿದೆ. ಎರಡೂ ನೇರವಾಗಿದ್ದವು, ಎಡಗಡೆಯ ಆಯಿಲ್ ಸೀಲ್ ಮಾತ್ರ ಒಸರಲಾರಂಭಿಸಿತ್ತು, ಎರಡೂ ಬದಿಯ ಸೀಲುಗಳನ್ನು ಒಟ್ಟಿಗೆ ಬದಲಾಯಿಸಿದೆವು. ದೊಡ್ಡ ನಟ್ಟಿಗೆ ಹೊಂದುವ ಸಾಕೆಟ್ ಈಗ ನನ್ನ ಸೀಟಿನ ಕೆಳಗಿದೆ.