ಮೊಲೆ ಬಿಟ್ಟ ಕೂಸಿನ ಹಾಗೆ

ಭಾನುವಾರದ ಆರಾಧನೆಯಲ್ಲಿ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯ ಓದಿದರು. ಜನರು ಚಿಕ್ಕ ಮಕ್ಕಳನ್ನು ಯೇಸುಸ್ವಾಮಿಯ ಹತ್ತಿರ ಕರೆತಂದಾಗ ಶಿಷ್ಯರು ಗದರಿಸಿದ ಭಾಗ. ಸಂಡೇ ಸ್ಕೂಲಿನ ಕಾಲದಿಂದ ಬಾಯಿಪಾಠ ಬರುವ ವಚನಗಳು. ಆದರೆ ಈ ಸಲ 14ನೇ ವಚನದಲ್ಲಿ ಮನಸ್ಸು ನಿಂತುಬಿಟ್ಟಿತು. ಯೇಸು ಅದನ್ನು ಕಂಡು ಕೋಪಗೊಂಡರು ಎಂದಿದೆ ಅಲ್ಲಿ. ಕೋಪ ಬಂದದ್ದು ಸುಂಕದವರ ಮೇಲಲ್ಲ, ಪಾಪಿಗಳ ಮೇಲಲ್ಲ. ಗದ್ದಲವಾಗದಂತೆ ನೋಡಿಕೊಳ್ಳಲು ಹೊರಟಿದ್ದ ತಮ್ಮ ಸ್ವಂತ ಶಿಷ್ಯರ ಮೇಲೆ. ಆಮೇಲೆ ಮಕ್ಕಳನ್ನು ಅಪ್ಪಿಕೊಂಡು, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ದೇವರ ರಾಜ್ಯವನ್ನು ಮಗುವಿನಂತೆ ಸ್ವೀಕರಿಸದವರು ಅದರೊಳಗೆ ಸೇರುವುದೇ ಇಲ್ಲ ಎಂದರು. ಕೂದಲು ನೆರೆತ ನಾನು ಈ ಮಾತನ್ನು ಏನೆಂದು ತೆಗೆದುಕೊಳ್ಳಲಿ ಎಂಬ ಯೋಚನೆ ವಾರವಿಡೀ ಬಿಡಲಿಲ್ಲ.

ಇದೇ ಸಂಗತಿಯನ್ನು ಬರೆಯುವಾಗ ಲೂಕನು, ಜನರು ತಂದದ್ದು ಕೈಗೂಸುಗಳನ್ನು ಎನ್ನುತ್ತಾನೆ. ಕೈಗೂಸು ತಾನಾಗಿ ನಡೆದು ಬರುವುದಿಲ್ಲ, ಯಾರೋ ಎತ್ತಿಕೊಂಡು ಬರಬೇಕು. ಮತ್ತಾಯ, ಮಾರ್ಕ, ಲೂಕ ಮೂವರೂ ಇದರ ಬೆನ್ನಿಗೇ ಐಶ್ವರ್ಯವಂತನ ಕಥೆ ಹೇಳುತ್ತಾರೆ. ನಿತ್ಯಜೀವ ಸಿಗಬೇಕಾದರೆ ನಾನೇನು ಮಾಡಬೇಕು ಎಂದು ಅವನು ಕೇಳಿದ. ಆಜ್ಞೆಗಳನ್ನೆಲ್ಲ ಚಿಕ್ಕಂದಿನಿಂದ ಪಾಲಿಸಿದವನು, ಮರ್ಯಾದಸ್ಥ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂದು ಯೇಸು ಹೇಳಿದಾಗ ಅವನು ವ್ಯಸನದಿಂದ ಹೊರಟುಹೋದ. ಏನೂ ಮಾಡದೆ, ಏನೂ ಕೇಳದೆ ಬಂದಿದ್ದ ಕೂಸುಗಳು ಕರ್ತನ ತೋಳಿನಲ್ಲಿದ್ದವು. ಇವೆರಡನ್ನೂ ಒಟ್ಟಿಗೆ ಓದಿದ ಮೇಲೆ, ಮಗುವಿನಂಥ ನಂಬಿಕೆ ಅಂದರೆ ಮುಗ್ಧತೆ ಎಂದು ಹೇಳಿ ಮುಗಿಸಲು ನನಗೆ ಮನಸ್ಸಾಗುವುದಿಲ್ಲ. ಮಕ್ಕಳು ಅಷ್ಟೇನೂ ಮುಗ್ಧರಲ್ಲ, ಸಾಕಿದವರಿಗೆ ಗೊತ್ತು. ಹಟ ಮಾಡುತ್ತಾರೆ, ಸುಳ್ಳೂ ಹೇಳುತ್ತಾರೆ. ಕೂಸಿನಲ್ಲಿ ಇರುವುದು ಒಂದೇ: ತನ್ನದು ಎಂದು ತೋರಿಸಲು ಅದರ ಕೈಯಲ್ಲಿ ಏನೂ ಇಲ್ಲ.

ನನ್ನ ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದವು. ಅವಳ ಮುಖ ಈಗ ಫೋಟೋದಲ್ಲಿದ್ದಷ್ಟೇ ನೆನಪು. ಕೈ ಮಾತ್ರ ಹಾಗೇ ನೆನಪಿದೆ. ರಾತ್ರಿ ಪ್ರಾರ್ಥನೆಗೆ ನನ್ನನ್ನು ಒತ್ತಿನಲ್ಲೇ ಕೂರಿಸಿಕೊಂಡು ಬಲಗೈಯನ್ನು ನನ್ನ ನೆತ್ತಿಯ ಮೇಲೆ ಇಡುತ್ತಿದ್ದಳು. ಒರಟು ಅಂಗೈ, ಭಾರವಾದದ್ದು, ಬೆಚ್ಚಗಿನದು. ಕರ್ತನ ಪ್ರಾರ್ಥನೆ ಹೇಳುತ್ತಾ ಬೆರಳುಗಳು ಕೂದಲಿನಲ್ಲಿ ಮೆಲ್ಲಗೆ ಆಡುತ್ತಿದ್ದವು. "ನಿನ್ನ ಚಿತ್ತವು ನೆರವೇರಲಿ" ಎಂಬಲ್ಲಿಗೆ ಬಂದಾಗ ಬೆರಳು ನಿಂತುಬಿಡುತ್ತಿತ್ತು. ಪ್ರತಿ ರಾತ್ರಿಯೂ ಅಲ್ಲೇ. ಒಂದು ಗಳಿಗೆ ಅಂಗೈ ನೆತ್ತಿಯನ್ನು ಒತ್ತಿ ಹಿಡಿಯುತ್ತಿತ್ತು, ಆಮೇಲೆ ಮುಂದಿನ ಸಾಲು. ಆ ಒತ್ತು ಯಾಕೆಂದು ಆಗ ನನಗೆ ತಿಳಿದಿರಲಿಲ್ಲ. ನಾನು ಹುಟ್ಟುವ ಮೊದಲೇ ಅವಳು ಬೆಳೆದ ಮಗನೊಬ್ಬನನ್ನು ಮಣ್ಣು ಮಾಡಿದ್ದಳೆಂದು ಅಮ್ಮ ಹೇಳಿದ್ದು ಎಷ್ಟೋ ವರ್ಷಗಳ ನಂತರ.

ಇನ್ನೂ ಒಂದು ವಿಷಯ. ಆಮೆನ್ ಎನ್ನುವವರೆಗೆ ಅಜ್ಜಿಯದು ಸಭೆಯಲ್ಲಿ ಕಲಿತ ಭಾಷೆ: ಪರಲೋಕ, ಕೃಪಾಸನ, ಮಹಿಮೆ, ಸ್ತೋತ್ರ. ಆಮೆನ್ ಆದಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಪಕ್ಕದಲ್ಲಿ ಕೂತವರೊಡನೆ ಆಡುವ ಹಾಗೆ ಮನೆಮಾತಿನಲ್ಲಿ ಶುರುಮಾಡುತ್ತಿದ್ದಳು. "ಇವತ್ತು ಮಂಡಿ ಬಹಳ ನೋಯ್ತಪ್ಪಾ. ದೊಡ್ಡವನು ಕಾಗದ ಬರ್ದಿಲ್ಲ, ನೀನೇ ಸ್ವಲ್ಪ ನೋಡು. ಆವತ್ತು ನೀನು ಹಾಗ್ಯಾಕೆ ಮಾಡ್ದೆ ಅಂತ ನಂಗಿನ್ನೂ ಗೊತ್ತಾಗ್ಲಿಲ್ಲ. ಸರಿ, ಮಲಗ್ತೀನಿ." ಅಷ್ಟು ಹೇಳಿ ಎದ್ದುಬಿಡುತ್ತಿದ್ದಳು. ಮಗ ಹೋದ ಲೆಕ್ಕವನ್ನು ಅವಳು ದೇವರ ಮುಂದೆ ಎಂದೂ ಚುಕ್ತಾ ಮಾಡಿಕೊಳ್ಳಲಿಲ್ಲ, ದೇವರನ್ನು ಬಿಡಲೂ ಇಲ್ಲ. ನಂಬಿಕೆಯ ಬಗ್ಗೆ ನಾನು ಕೇಳಿದ ದೊಡ್ಡ ಬೋಧನೆ ಅವಳ ಆಮೆನ್ ಆದ ಮೇಲಿನ ಆ ನಾಲ್ಕು ಮಾತು.

ಸತ್ಯವೇದದ ಕೀರ್ತನೆ 131 ಅಜ್ಜಿಯ ಕೀರ್ತನೆ ಎಂದೇ ನನಗೆ ತೋರುತ್ತದೆ. ಮೂರೇ ವಚನ. 120ರಿಂದ 134ರವರೆಗಿನ ಯಾತ್ರಾಗೀತೆಗಳಲ್ಲಿ ಒಂದು, ದಾವೀದನ ಹೆಸರಿನದು. ಹೆಮ್ಮೆಯ ಹೃದಯ ನನಗಿಲ್ಲ, ನನ್ನ ಶಕ್ತಿ ಮೀರಿದ ಸಂಗತಿಗಳಲ್ಲಿ ನಾನು ಕೈಹಾಕುವುದಿಲ್ಲ ಎಂದು ಹೇಳಿ, ಮೊಲೆ ಬಿಡಿಸಿದ ಕೂಸು ತಾಯಿಯ ಬಳಿ ಇರುವಂತೆ ನನ್ನ ಪ್ರಾಣ ಸಮಾಧಾನದಿಂದಿದೆ ಎನ್ನುತ್ತದೆ. ಹಾಲು ಕುಡಿಯುವ ಕೂಸು ಎನ್ನಬಹುದಿತ್ತು, ಹಾಗೆನ್ನಲಿಲ್ಲ. ಮೊಲೆ ಬಿಡಿಸುವ ದಿನಗಳು ಎಂಥವೆಂದು ತಾಯಂದಿರನ್ನು ಕೇಳಬೇಕು. ಕೂಸು ರಾತ್ರಿಯೆಲ್ಲ ಅಳುತ್ತದೆ, ಕೈಕಾಲು ಬಡಿಯುತ್ತದೆ. ನಿನ್ನೆಯವರೆಗೆ ಕೊಡುತ್ತಿದ್ದ ತಾಯಿ ಇವತ್ತು ಯಾಕೆ ಕೊಡುತ್ತಿಲ್ಲ ಎಂಬುದು ಅದಕ್ಕೆ ತಿಳಿಯುವುದಿಲ್ಲ, ತಿಳಿಸಿ ಹೇಳಲು ತಾಯಿಗೂ ಆಗುವುದಿಲ್ಲ. ಕೆಲವು ದಿನಗಳಾದ ಮೇಲೆ ಅದೇ ಕೂಸು ಅದೇ ಮಡಿಲಿಗೆ ಬಂದು, ಹಾಲಿಗಾಗಿ ತಡಕಾಡದೆ, ಸುಮ್ಮನೆ ಎದೆಗೊರಗಿ ಕೂರುತ್ತದೆ. ಈಗ ಅದಕ್ಕೆ ತಾಯಿ ಬೇಕು, ತಾಯಿಯಿಂದ ಸಿಗುತ್ತಿದ್ದದ್ದಲ್ಲ. ದೊಡ್ಡವರಾದ ಕ್ರೈಸ್ತರಿಗೆ ಸಾಧ್ಯವಿರುವ ಮಗುತನ ಇದು. ಅತ್ತು ಮುಗಿಸಿದವರ ನಂಬಿಕೆ.

ಇದನ್ನು ಈಗ ಬರೆಯಲು ಕಾರಣವಿದೆ. ನನ್ನ ತಮ್ಮ ಕಾಯಿಲೆ ಬಿದ್ದಿದ್ದಾನೆ. ಪ್ರಾರ್ಥನೆಗೆ ಬಂದವರೊಬ್ಬರು ಹೊರಡುವಾಗ, "ಮಗುವಿನ ಹಾಗೆ ನಂಬಿದ್ದರೆ ಇಷ್ಟರಲ್ಲಿ ವಾಸಿಯಾಗುತ್ತಿತ್ತು, ನಿಮ್ಮಲ್ಲಿ ಎಲ್ಲೋ ಸಂಶಯ ಇದೆ" ಎಂದು ಹೇಳಿ ಹೋದರು. ಆ ಮಾತು ಅವನನ್ನು ಕಾಯಿಲೆಗಿಂತ ಹೆಚ್ಚು ಕುಗ್ಗಿಸಿತು. ರೋಗಿಯ ಮಂಚದ ಪಕ್ಕ ನಿಂತು ಅವನ ನಂಬಿಕೆಯನ್ನು ತೂಗುವ ಅಧಿಕಾರ ನಮಗೆ ಯಾರು ಕೊಟ್ಟರು? ಅಶುದ್ಧಾತ್ಮ ಹಿಡಿದ ಮಗನನ್ನು ಯೇಸುವಿನ ಬಳಿಗೆ ಕರೆತಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು ಎಂದು ಒಂದೇ ಉಸಿರಿನಲ್ಲಿ ಎರಡನ್ನೂ ಕೂಗಿದ. ಯೇಸು ಅವನ ನಂಬಿಕೆ ಪೂರ್ತಿಯಾಗುವವರೆಗೆ ಕಾಯಲಿಲ್ಲ, ಹುಡುಗನನ್ನು ವಾಸಿಮಾಡಿದರು. ಮಾರ್ಕ 9ನ್ನು ಆವತ್ತು ರಾತ್ರಿ ತಮ್ಮನ ಪಕ್ಕ ಕೂತು ಓದಿದೆ. ಅವನು ಇನ್ನೊಮ್ಮೆ ಓದು ಎಂದ.

ಪ್ರಶ್ನೆ ಕೇಳಬಾರದು, ಮಗುವಿನ ಹಾಗೆ ಸುಮ್ಮನೆ ನಂಬಬೇಕು ಎನ್ನುವವರೂ ಇದ್ದಾರೆ. ಪ್ರಶ್ನೆ ಕೇಳದ ಮಗುವನ್ನು ಅವರು ಎಲ್ಲಿ ಕಂಡರೋ! ಮಗನನ್ನು ಹೆರುವೆ ಎಂದ ದೇವದೂತನಿಗೆ ಮರಿಯಳು, ಇದು ಹೇಗಾದೀತು ಎಂದಳು. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತು ಪ್ರಶ್ನೆ ಕೇಳುತ್ತಿದ್ದರು. ಪೌಲನು ಕೊರಿಂಥದವರಿಗೆ, ಕೆಟ್ಟತನದಲ್ಲಿ ಶಿಶುಗಳಾಗಿರಿ, ಬುದ್ಧಿಯಲ್ಲಿ ದೊಡ್ಡವರಾಗಿರಿ ಎಂದು ಬರೆದ. ಮಗು ಕೇಳುತ್ತದೆ, ಉತ್ತರ ಸಿಗದಿದ್ದರೂ ಯಾರನ್ನು ಕೇಳಿತೋ ಅವರ ಕೈ ಬಿಡುವುದಿಲ್ಲ.

ಈ ದಿನಗಳಲ್ಲಿ ನಾನು ಮತ್ತೆ ಮತ್ತೆ ತೆರೆಯುತ್ತಿರುವುದು 2 ಅರಸುಗಳು 5ನೇ ಅಧ್ಯಾಯ, ನಾಮಾನನ ಕಥೆ. ಅರಾಮ್ಯರ ಸೇನಾಪತಿ, ಕುಷ್ಠರೋಗಿ. ಅವನ ಮನೆಯಲ್ಲಿ ಇಸ್ರಾಯೇಲಿನಿಂದ ಸೆರೆಹಿಡಿದು ತಂದ ಒಬ್ಬ ಚಿಕ್ಕ ಹುಡುಗಿ. ಅವಳ ಹೆಸರೂ ಸತ್ಯವೇದದಲ್ಲಿಲ್ಲ. ತಂದೆತಾಯಿಯಿಂದ ಕಿತ್ತು ತಂದವರ ಮನೆಯಲ್ಲಿ ಊಳಿಗ ಮಾಡುತ್ತಿದ್ದ ಆ ಮಗು, ನಮ್ಮ ಧಣಿ ಸಮಾರ್ಯದ ಪ್ರವಾದಿಯ ಬಳಿ ಹೋದರೆ ವಾಸಿಯಾಗುತ್ತಿತ್ತು ಎಂದಳು. ಎಂಥ ಮಾತು! ಅವಳಿಗೆ ದೇವರ ಮೇಲೆ ಸಿಟ್ಟಾಗಲು ಕಾರಣಗಳಿರಲಿಲ್ಲವೆ? ನಾಮಾನ ಹೊರಟ, ಹತ್ತು ತಲಾಂತು ಬೆಳ್ಳಿ, ಆರು ಸಾವಿರ ಶೆಕೆಲ್ ಬಂಗಾರ, ಕುದುರೆ, ರಥ ಎಲ್ಲ ಸಮೇತ. ಆ ಪ್ರವಾದಿ ಎಲೀಷ ಬಾಗಿಲಿಗೂ ಬರಲಿಲ್ಲ. ಯೊರ್ದನಿನಲ್ಲಿ ಏಳು ಸಲ ಮುಳುಗು ಎಂದು ಹೇಳಿಕಳಿಸಿದ. ನಾಮಾನನಿಗೆ ಕೋಪ ನೆತ್ತಿಗೇರಿತು, ದಮಸ್ಕದ ಅಬಾನಾ, ಪರ್ಪರ್ ನದಿಗಳು ಇದಕ್ಕಿಂತ ಉತ್ತಮವಲ್ಲವೆ ಎಂದು ತಿರುಗಿ ಹೊರಟ. ಆಗ ಸೇವಕರು ಹತ್ತಿರ ಬಂದು, ಅಪ್ಪಾ, ಪ್ರವಾದಿ ಒಂದು ಕಷ್ಟದ ಕೆಲಸ ಹೇಳಿದ್ದರೆ ಮಾಡುತ್ತಿರಲಿಲ್ಲವೆ ಎಂದು ಕೇಳಿದರು.

ನಮ್ಮೆಲ್ಲರಿಗೂ ಕೇಳಬೇಕಾದ ಪ್ರಶ್ನೆ. ನಲವತ್ತು ದಿನ ಉಪವಾಸ ಮಾಡು ಎಂದರೆ ಮಾಡುತ್ತೇವೆ, ದೊಡ್ಡ ಕಾಣಿಕೆ ಕೊಡು ಎಂದರೆ ಹೇಗೋ ಹೊಂದಿಸುತ್ತೇವೆ. ತಂದೆಯ ಬಳಿ ಬರಿಗೈಯಲ್ಲಿ ಬಂದು ಕೇಳು ಎಂದರೆ ಕಾಲು ಏಳುವುದಿಲ್ಲ. ನಾಮಾನ ಇಳಿದ, ಮುಳುಗಿದ. ಅವನ ದೇಹ ಚಿಕ್ಕ ಮಗುವಿನ ದೇಹದಂತಾಯಿತು ಎಂದು 14ನೇ ವಚನ ಹೇಳುತ್ತದೆ. ಚಿಕ್ಕ ಹುಡುಗಿಯ ಮಾತು ಹಿಡಿದು ಹೊರಟವನು ಮಗುವಿನ ಚರ್ಮ ಹೊತ್ತು ಎದ್ದ. ಆ ಹುಡುಗಿ ಅವನು ಮರಳಿ ಬಂದದ್ದನ್ನು ನೋಡಿದಳೇ? ಬರೆದಿಲ್ಲ. ನೋಡಿರಲಿ ಎಂದು ನನ್ನ ಆಸೆ.

ಮಕ್ಕಳಿಗೆ ಈ ನಂಬಿಕೆ ತಾನಾಗಿ ಬರುವುದಿಲ್ಲ, ಯಾರನ್ನೋ ನೋಡಿ ಬರುತ್ತದೆ. ಮನೆಗಳಲ್ಲಿ ಕುಟುಂಬ ಪ್ರಾರ್ಥನೆ ನಿಂತುಹೋಗುತ್ತಿರುವುದು ನನಗೆ ಸಂಕಟ ತರುತ್ತದೆ. ಬೆಳಗಾದರೆ ಫೋನಿನಲ್ಲಿ ವಚನ ಬರುತ್ತದೆ, ಹತ್ತು ಜನರಿಗೆ ಕಳಿಸುತ್ತೇವೆ. ನಮ್ಮ ಬಾಯಿಂದ, ನಮ್ಮ ಮಾತಿನಲ್ಲಿ, "ಅಪ್ಪಾ, ನನಗೆ ಭಯವಾಗುತ್ತಿದೆ" ಎಂದು ನಾವು ಹೇಳುವುದನ್ನು ಮನೆಯ ಮಕ್ಕಳು ಯಾವಾಗ ಕೇಳಬೇಕು? ಆರಾಧನೆಯಲ್ಲಿ ಮಗು ಕೂಗಿದರೆ ಹತ್ತು ಮುಖಗಳು ಸಿಡುಕಿನಿಂದ ತಿರುಗುತ್ತವೆ. ಯೆರೂಸಲೇಮಿನ ದೇವಾಲಯದಲ್ಲಿ ಮಕ್ಕಳು ಯೇಸುವನ್ನು ಹೊಗಳಿ ಹೊಸನ್ನ ಎಂದು ಕೂಗಿದಾಗ ಸಿಡುಕಿದವರು ಮಹಾಯಾಜಕರು ಮತ್ತು ಶಾಸ್ತ್ರಿಗಳು. ಯೇಸು ನಿಂತದ್ದು ಮಕ್ಕಳ ಪಕ್ಷದಲ್ಲಿ.

ಫ್ರಾನ್ಸಿನ ಲಿಸ್ಯೂವಿನ ಸಂತ ತೆರೇಸಾಳನ್ನೂ ನೆನೆಯದಿರಲಾರೆ. 1873ರಲ್ಲಿ ಹುಟ್ಟಿ 15ನೇ ವಯಸ್ಸಿಗೆ ಮಠ ಸೇರಿ, 1897ರಲ್ಲಿ ಕ್ಷಯದಿಂದ 24ನೇ ವಯಸ್ಸಿಗೇ ತೀರಿಕೊಂಡವಳು. ದೇವರ ಮುಂದೆ ಚಿಕ್ಕವಳಾಗಿಯೇ ಉಳಿಯುವ ಪುಟ್ಟ ಮಾರ್ಗವನ್ನು ಕಲಿಸಿದ ಇವಳನ್ನು 1997ರಲ್ಲಿ ಕಥೋಲಿಕ ಸಭೆ ತನ್ನ ಪಂಡಿತರ ಸಾಲಿಗೆ ಸೇರಿಸಿತು. ಕೊನೆಯ ಒಂದೂವರೆ ವರ್ಷ ಅವಳ ಮನಸ್ಸಿಗೆ ಪರಲೋಕವೇ ಕಾಣದಷ್ಟು ಕತ್ತಲೆ ಕವಿದಿತ್ತು. ಆ ಕತ್ತಲೆಯಲ್ಲೂ ಅವಳು ತಂದೆಯನ್ನು ಕರೆಯುವುದನ್ನು ಬಿಡಲಿಲ್ಲ.

ಇದಕ್ಕೆಲ್ಲ ಮೂಲ, ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ಗೆತ್ಸೇಮನೆ ತೋಟದಲ್ಲಿದೆ. ನೆಲಕ್ಕೆ ಬಿದ್ದು, ಅಪ್ಪಾ ತಂದೆಯೇ, ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಬೇಡಿದ ದೇವಕುಮಾರನಿಗಿಂತ ನಾವು ಧೈರ್ಯವಂತರಾಗಿ ಕಾಣಬೇಕಾಗಿಲ್ಲ. ಬೇಡಿದರು, ಸಿಗಲಿಲ್ಲ. ಆದರೂ ಶಿಲುಬೆಯ ಮೇಲೆ ಕೊನೆಗೆ ಅವರ ಬಾಯಿಗೆ ಬಂದದ್ದು 31ನೇ ಕೀರ್ತನೆಯ ಮಾತು, ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಎಂಬುದು. ಕೀರ್ತನೆಯ ಆ ಸಾಲಿನಲ್ಲಿ ಇಲ್ಲದ ಒಂದು ಕರೆಯನ್ನು ಅದರ ಮುಂದೆ ಸೇರಿಸಿ ಹೇಳಿದರು: ತಂದೆಯೇ.

ಕರ್ತನೇ, ತಮ್ಮನನ್ನು ವಾಸಿಮಾಡು. ನಿನ್ನೆಯೂ ಕೇಳಿದೆ, ನಾಳೆಯೂ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಅವನಿಗೆ ರಾತ್ರಿ ನಿದ್ದೆ ಕೊಡು. ಆ ಮಾತು ಆಡಿ ಹೋದವರ ಮೇಲೆ ನನಗಿರುವ ಸಿಟ್ಟನ್ನು ತೆಗೆ. ಹೀಗೆ ಯಾರ ಮಂಚದ ಪಕ್ಕದಲ್ಲಾದರೂ ಈ ಹೊತ್ತು ಕೂತು ಇದನ್ನು ಓದುತ್ತಿರುವವರಿದ್ದರೆ ಅವರ ಜೊತೆಗೂ ಇರು. ಆಮೆನ್.