ಗಂಗೋತ್ರಿಯ ಮೊದಲ ವರ್ಷ

ಕಳೆದ ಕಾರ್ತಿಕದ ಒಂದು ಬೆಳಗ್ಗೆ ಹಳೆಯ ಸಹಪಾಠಿಯೊಬ್ಬ ಫೋನು ಮಾಡಿ ನಮ್ಮ ಪ್ರಯೋಗಶಾಲೆಯ ಮೇಷ್ಟ್ರು ಹೋದರೆಂದು ತಿಳಿಸಿದ. ಆಮೇಲೆ ಇಬ್ಬರಿಗೂ ಮಾತು ಹೊರಡಲಿಲ್ಲ. ತಮ್ಮ ಹೆಸರು ಎಲ್ಲಿಯಾದರೂ ಅಚ್ಚಾಗುವುದನ್ನು ಅವರು ಬದುಕಿದ್ದಷ್ಟು ಕಾಲವೂ ಇಷ್ಟಪಟ್ಟವರಲ್ಲ. ಆದ್ದರಿಂದ ಇಲ್ಲಿಯೂ ಅವರನ್ನು ಮೇಷ್ಟ್ರೆಂದೇ ಕರೆಯುತ್ತೇನೆ. ಅವರ ಕೈಕೆಳಗೆ ಕಲಿತವರಿಗೆ ಅಷ್ಟು ಸಾಕು. ಈ ಸಂಚಿಕೆಗಾಗಿ ವಿಶ್ವವಿದ್ಯಾನಿಲಯದ ಮೊದಲ ವರ್ಷದ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿ ತಿಂಗಳಾಗಿತ್ತು. ಬರೆಯಲು ಕುಳಿತರೆ ಆ ವರ್ಷ ಓದಿದ ಪಾಠಗಳ ಪಟ್ಟಿಯೂ ಪೂರ್ತಿ ನೆನಪಾಗಲಿಲ್ಲ. ಕತ್ತಲೆ ಕೋಣೆಯ ಒಂದು ಮೇಜು, ಅದರ ಮುಂದೆ ಬಗ್ಗಿ ನಿಂತ ಮೇಷ್ಟ್ರು, ಇವಿಷ್ಟೇ ಕಣ್ಣ ಮುಂದೆ ಬಂದವು.

ನಾನು ಮೈಸೂರಿಗೆ ಬಂದದ್ದು 1982ರ ಮಳೆಗಾಲದಲ್ಲಿ, ಭೌತಶಾಸ್ತ್ರದ ಎಂ.ಎಸ್ಸಿ. ತರಗತಿಗೆ. ಚಾಮರಾಜನಗರ ಆಗ ಮೈಸೂರು ಜಿಲ್ಲೆಯದೇ ಒಂದು ತಾಲ್ಲೂಕು. ಅಲ್ಲಿಂದ ಮೀಟರ್ ಗೇಜ್ ರೈಲಿನಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ ಮತ್ತು ಆ ವಾರವಷ್ಟೇ ರೇಷ್ಮೆ ಗೂಡು ಮಾರಿ ಬಂದ ಹಣದಲ್ಲಿ ಅಪ್ಪ ಎಣಿಸಿ ಕೊಟ್ಟ ನೋಟುಗಳೊಂದಿಗೆ ಹೊರಟೆ. ನಂಜನಗೂಡಿನಲ್ಲಿ ಕಪಿಲೆಯನ್ನು ದಾಟುವ ಸೇತುವೆ 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ್ದು. ಅದರ ಮೇಲೆ ಗಾಡಿ ನಿಧಾನವಾದಾಗ ಅಪ್ಪ ಎದ್ದು ನಿಂತು, ನಂಜುಂಡೇಶ್ವರನ ಗೋಪುರ ಕಾಣುವ ದಿಕ್ಕಿಗೆ ಕೈಮುಗಿದು, ನನಗೂ ಮುಗಿಯುವಂತೆ ಸನ್ನೆ ಮಾಡಿದರು. ದೊಡ್ಡ ನಿಲ್ದಾಣದವರೆಗೆ ಹೋಗದೆ ಚಾಮರಾಜಪುರಂನಲ್ಲಿಯೇ ಇಳಿದು, ಪೆಟ್ಟಿಗೆಯನ್ನು ಇಬ್ಬರೂ ಒಂದೊಂದು ಹಿಡಿ ಹಿಡಿದುಕೊಂಡು ಸರಸ್ವತಿಪುರಂ ಮೂಲಕ ನಡೆದೆವು. ಹಾಸ್ಟೆಲಿನ ಬಾಗಿಲಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: "ಓದ್ಕೊ, ಮಗ. ಮನೆ ಕಡೆ ಯೋಚ್ನೆ ಮಾಡ್ಬ್ಯಾಡ."

ಆ ಮಾತನ್ನು ಪಾಲಿಸುವುದು ಸುಲಭವಾಗಿರಲಿಲ್ಲ. ಕುವೆಂಪು ಅವರು ಕುಲಪತಿಗಳಾಗಿದ್ದಾಗ ಕಂಡ ಕನಸು ಮಾನಸಗಂಗೋತ್ರಿ, ಹೆಸರಿಟ್ಟವರೂ ಅವರೇ. ಊರಲ್ಲಿದ್ದಾಗ ಆ ಹೆಸರನ್ನು ಉಚ್ಚರಿಸುವುದೇ ಒಂದು ಹೆಮ್ಮೆಯಾಗಿತ್ತು. ಒಳಗೆ ಬಂದ ಮೇಲೆ ಅದರ ವಿಸ್ತಾರವೇ ನನ್ನನ್ನು ಕುಗ್ಗಿಸಿತು. ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗಲು ಮರಗಳ ನಡುವೆ ಅಷ್ಟು ದೂರ ನಡೆಯಬೇಕು. ದಾರಿಯಲ್ಲಿ ಎದುರಾದವರು ಯಾರ ಮಗ, ಯಾವ ಕೇರಿ ಎಂದು ಕೇಳುವುದಿಲ್ಲ. ನಮ್ಮ ವಿಭಾಗದ ಕೀರ್ತಿಯೂ ಬೆದರಿಸುವಂಥದ್ದೇ ಆಗಿತ್ತು. ಸರ್ ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ ಅವರು 1961ರಿಂದ 1971ರವರೆಗೆ ಇಲ್ಲಿ ಪ್ರಾಧ್ಯಾಪಕರಾಗಿದ್ದು ದ್ರವಸ್ಫಟಿಕಗಳ (ದ್ರವದಂತೆ ಹರಿದರೂ ಹರಳಿನಂಥ ಜೋಡಣೆ ಉಳಿಸಿಕೊಳ್ಳುವ ವಸ್ತುಗಳ) ಸಂಶೋಧನೆಗೆ ಅಡಿಪಾಯ ಹಾಕಿದವರೆಂದೂ, ಬೆಂಗಳೂರಿಗೆ ಹೋದ ಮೇಲೆ 1977ರಲ್ಲಿ ಅವರ ತಂಡ ಬಿಲ್ಲೆಯಾಕಾರದ ಅಣುಗಳಲ್ಲಿಯೂ ಆ ಸ್ಥಿತಿಯನ್ನು ಕಂಡುಹಿಡಿಯಿತೆಂದೂ ಹಿರಿಯ ವಿದ್ಯಾರ್ಥಿಗಳು ಮೊದಲ ವಾರದಲ್ಲಿಯೇ ಹೇಳಿದರು. ಅಂಥವರು ಓಡಾಡಿದ ಜಾಗದಲ್ಲಿ ನನಗೇನು ಕೆಲಸ ಎಂದು ಆ ರಾತ್ರಿ ಹಾಸಿಗೆಯಲ್ಲಿ ಬಹಳ ಹೊತ್ತು ಯೋಚಿಸಿದ್ದುಂಟು.

ಭಾಷೆಯ ಕಷ್ಟ ಬೇರೆ. ಗೋಕಾಕ್ ಚಳವಳಿ ನಡೆದ ವರ್ಷ ಅದು. ಬೀದಿಯ ಗೋಡೆಗಳ ಮೇಲೆಲ್ಲ ಕನ್ನಡದ ಘೋಷಣೆಗಳು ಇನ್ನೂ ಮಾಸಿರಲಿಲ್ಲ. ತರಗತಿಯ ಒಳಗೆ ಮಾತ್ರ ಎಲ್ಲವೂ ಇಂಗ್ಲಿಷು. ಪದವಿಯಲ್ಲಿ ನಮ್ಮ ಉಪನ್ಯಾಸಕರು ಕನ್ನಡದಲ್ಲಿ ವಿವರಿಸಿ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಸುತ್ತಿದ್ದರು. ಬರೆದುಕೊಂಡದ್ದನ್ನು ಕಂಠಪಾಠ ಮಾಡಿ ನಾನು ಕಾಲೇಜಿಗೇ ಮೊದಲಿಗನಾಗಿದ್ದೆ. ಇಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ನಾಲಗೆ ಏಳುತ್ತಿರಲಿಲ್ಲ. ಬೆಂಗಳೂರಿನ ಸಹಪಾಠಿಗಳು ನಿರರ್ಗಳವಾಗಿ ಮಾತನಾಡುವಾಗ ತಲೆ ತಗ್ಗಿಸಿ ಕುಳಿತಿರುತ್ತಿದ್ದೆ. ಸಂಜೆಯಾದರೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಬ್ಬನೇ ಹೋಗಿ ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ನೋಡುತ್ತಿದ್ದೆ. ಮೂರನೆಯ ವಾರದ ಒಂದು ಶನಿವಾರ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ, ಇನ್ನು ಮರಳಿ ಬರಬಾರದೆಂದು ನಿಶ್ಚಯಿಸಿ ಚಾಮರಾಜಪುರಂ ನಿಲ್ದಾಣಕ್ಕೆ ಹೋದವನು, ಗಾಡಿ ಬಂದು ನಿಂತು ಹೊರಡುವವರೆಗೂ ಕಲ್ಲುಬೆಂಚಿನ ಮೇಲೆ ಕುಳಿತೇ ಇದ್ದೆ. ಗೂಡು ಮಾರಿದ ನೋಟುಗಳನ್ನು ಅಪ್ಪ ಎರಡೆರಡು ಸಲ ಎಣಿಸಿದ್ದು ನೆನಪಾಗಿ ಹತ್ತಲಾಗಲಿಲ್ಲ. ಈ ಸಂಗತಿಯನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಮರುವಾರ ಬೆಳಕಿನ ಪ್ರಯೋಗಗಳು ಆರಂಭವಾದವು. ಅಲ್ಲಿ ಮೇಷ್ಟ್ರು ಸಿಕ್ಕರು. ಸಣ್ಣ ಆಳು, ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಹಸಿರು ಶಾಯಿಯ ಪೆನ್ನು ಮತ್ತು ಮಸೂರ ಒರೆಸಲು ನಾಲ್ಕು ಮಡಿಕೆಯ ಹಳೆಯ ಮಲ್ ಬಟ್ಟೆ. ವಿದ್ಯಾರ್ಥಿಗಳನ್ನು ಅವರು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿಲ್ಲ. ಹಳ್ಳಿಯ ಹುಡುಗರಿಗೂ "ಏನ್ರೀ", "ಬನ್ರೀ" ಎಂಬ ಮರ್ಯಾದೆ ಸಲ್ಲುತ್ತಿತ್ತು. ಬೆಳಕಿನ ಬಣ್ಣದ ಗೆರೆಗಳು ಎಷ್ಟು ಬಾಗುತ್ತವೆಂದು ಅಳೆಯುವ ಸ್ಪೆಕ್ಟ್ರೋಮೀಟರಿನ ಮುಂದೆ ನಿಲ್ಲಿಸಿ, ಏನು ಮಾಡುತ್ತೀರಿ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ತಡವರಿಸಿದೆ. ಅವರು ಸ್ವಲ್ಪ ಹೊತ್ತು ಕಾದು, "ಕನ್ನಡದಲ್ಲಿ ಹೇಳ್ರೀ. ಬೆಳಕಿಗೇನು ಇಂಗ್ಲಿಷ್ ಬರುತ್ತಾ?" ಎಂದರು. ಇಡೀ ಕೋಣೆ ಕೇಳಿಸಿಕೊಂಡಿತು, ಯಾರೂ ನಗಲಿಲ್ಲ. ನಾನು ಚಾಮರಾಜನಗರದ ಕನ್ನಡದಲ್ಲಿಯೇ ಒಂದೊಂದಾಗಿ ಹೇಳುತ್ತ ಹೋದೆ. ಮುಗಿದ ಮೇಲೆ, ಅದನ್ನೇ ನಾಳೆ ಇಂಗ್ಲಿಷಿನಲ್ಲಿ ಬರೆದುಕೊಂಡು ಬನ್ನಿ ಎಂದು ಮುಂದಿನ ಮೇಜಿಗೆ ನಡೆದರು. ಹೀಗೆ ಹೇಳುವುದು ಇವತ್ತು, ಬರೆಯುವುದು ನಾಳೆ ಎಂಬ ಕ್ರಮದಲ್ಲಿಯೇ ನನಗೆ ಇಂಗ್ಲಿಷು ಬಂದದ್ದು.

ಅವರು ಉಪಕರಣ ಹೊಂದಿಸುವುದನ್ನು ನೋಡಬೇಕಾಗಿತ್ತು. ಮೊದಲು ದೂರದರ್ಶಕವನ್ನು ಕಿಟಕಿಯ ಕಡೆ ತಿರುಗಿಸಿ ದೂರದ ಮರದ ತುದಿಯೊಂದು ಸ್ಪಷ್ಟವಾಗುವ ತನಕ ತಿರುಪನ್ನು ಕೂದಲೆಳೆಯಷ್ಟೇ ಆಡಿಸುತ್ತಿದ್ದರು. ತಲೆಕೆಳಗಾಗಿ ಕಾಣುವ ಆ ಮರದ ಒಂದೊಂದು ಎಲೆಯೂ ಬೇರೆಬೇರೆಯಾದ ಮೇಲೆ ಆ ತಿರುಪನ್ನು ಮತ್ತೆ ಮುಟ್ಟಕೂಡದು. ಆಮೇಲೆ ಸೀಳನ್ನು ದಾರದಷ್ಟು ತೆಳುವಾಗಿಸಿ, ಮೇಜಿನ ಮೂರು ತಿರುಪುಗಳನ್ನು ಸಮಮಾಡಿ, ಕೊನೆಗೆ ಬೆಳಕನ್ನು ಬಾಗಿಸಿ ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗನ್ನು ಅಂಚಿನಲ್ಲಿ ಮಾತ್ರ ಹಿಡಿದು ಕೂರಿಸುತ್ತಿದ್ದರು. ಒಂದಂಗುಲದ ಅಗಲದಲ್ಲಿ 15,000 ಗೆರೆಗಳಿರುವ ಆ ಗಾಜಿನ ಮೇಲೆ ಬೆರಳು ತಗುಲಿದರೆ ಅದು ಹಾಳಾಯಿತೆಂದೇ ಲೆಕ್ಕ. ನಾನು ಓದಿದ ಕಾಲೇಜಿನಲ್ಲಿ ಉಪನ್ಯಾಸಕರು ಮಾಡಿ ತೋರಿಸುತ್ತಿದ್ದರು, ನಾವು ಸುತ್ತ ನಿಂತು ನೋಡುತ್ತಿದ್ದೆವು. ತಿರುಪಿನ ಮೇಲೆ ನನ್ನ ಬೆರಳು ಬಿದ್ದದ್ದು ಗಂಗೋತ್ರಿಯಲ್ಲಿಯೇ ಮೊದಲು.

ಇಂಥವರಿಗೆ ನಾವು ಮೋಸ ಮಾಡಿದೆವು. ದಸರೆ ಮುಗಿದು ಎರಡು ವಾರವಾಗಿತ್ತು, ವಸ್ತುಪ್ರದರ್ಶನ ಇನ್ನೂ ನಡೆಯುತ್ತಿತ್ತು. ಒಂದು ಮಧ್ಯಾಹ್ನ ನಮ್ಮ ಮೂವರ ತಂಡ ಹಾಜರಿ ಹಾಕಿಸಿಕೊಂಡು, ದೀಪ ಹೊತ್ತಿಸಿಟ್ಟು, ಮೇಷ್ಟ್ರು ಇನ್ನೊಂದು ಕೋಣೆಗೆ ಹೋದ ಸಮಯ ನೋಡಿ ಹಿಂಬಾಗಿಲಿನಿಂದ ಜಾರಿತು. ಬಾಡಿಗೆ ಸೈಕಲ್ಲಿನಲ್ಲಿ ಹೋಗಿ, ತಟ್ಟೆಗಿಂತ ದೊಡ್ಡದಾದ ಡೆಲ್ಲಿ ಹಪ್ಪಳಕ್ಕೆ ಖಾರದ ಪುಡಿ ಉದುರಿಸಿಕೊಂಡು ತಿಂದು, ತೊಟ್ಟಿಲು ಹತ್ತಿ ಇಳಿದು, ಕತ್ತಲಾದ ಮೇಲೆ ಹಾಸ್ಟೆಲಿಗೆ ಬಂದೆವು. ಮೈಸೂರಿಗೆ ಬಂದ ಮೇಲೆ ನಾನು ಮನಸಾರೆ ನಕ್ಕ ಮೊದಲ ದಿನ ಅದು. ಆ ಸಂತೋಷವನ್ನು ಈಗಲೂ ನಿರಾಕರಿಸಲಾರೆ. ರಾತ್ರಿ ಹಿರಿಯ ವಿದ್ಯಾರ್ಥಿಯೊಬ್ಬರ ರೆಕಾರ್ಡು ಪುಸ್ತಕ ತಂದು, ಪಾದರಸ ದೀಪದ ಹಸಿರು ಗೆರೆಯ ಅಳತೆಗಳನ್ನು ನನ್ನ ದುಂಡು ಅಕ್ಷರಗಳಲ್ಲಿ ಇಳಿಸಿದೆ. ಎಡಬಲದ ಗೆರೆಗಳ ನಡುವಿನ ಕೋನ 37 ಡಿಗ್ರಿ 38 ಮಿನಿಟು. ಲೆಕ್ಕ ಮಾಡಿದರೆ ತರಂಗಾಂತರ 5461 ಆಂಗ್‌ಸ್ಟ್ರಾಮ್, ಪುಸ್ತಕದಲ್ಲಿರುವಂತೆಯೇ ಬರುತ್ತದೆ.

ನಮಗೆ ತಿಳಿಯದ ಸಂಗತಿ ಒಂದಿತ್ತು. ಹಳೆಯ ಗ್ರೇಟಿಂಗಿನ ಮೇಲೆ ಯಾರದೋ ಬೆರಳಚ್ಚು ಬಿದ್ದದ್ದರಿಂದ ಮೇಷ್ಟ್ರು ಆ ಬೆಳಗ್ಗೆಯೇ ಅದನ್ನು ತೆಗೆದು, ಅಂಗುಲಕ್ಕೆ 7,500 ಗೆರೆಗಳಿರುವ ಇನ್ನೊಂದನ್ನು ಇಟ್ಟಿದ್ದರು. ಗೆರೆಗಳು ಅರ್ಧವಾದರೆ ಬೆಳಕು ಬಾಗುವ ಕೋನವೂ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ರೆಕಾರ್ಡು ಒಪ್ಪಿಸಿದ ಮರುದಿನ ಸಂಜೆ ಮೂವರನ್ನೂ ಕರೆಸಿ, ದೀಪ ಹೊತ್ತಿಸಿ, ದೂರದರ್ಶಕವನ್ನು ನಾವು ಗೆರೆ ಕಂಡೆವೆಂದು ಬರೆದ ಜಾಗದ ಅರ್ಧ ದಾರಿಯಲ್ಲೇ ನಿಲ್ಲಿಸಿ, "ನೋಡ್ರೀ" ಎಂದರು. ಒಬ್ಬೊಬ್ಬರಾಗಿ ಕಣ್ಣಿಟ್ಟೆವು. ನಮ್ಮ ರೆಕಾರ್ಡಿನ ಪ್ರಕಾರ ಬರೀ ಕತ್ತಲೆ ಇರಬೇಕಾದ ಜಾಗದಲ್ಲಿ ಹಸಿರು ಗೆರೆ ಹೊಳೆಯುತ್ತಿತ್ತು.

ಅವರು ದನಿ ಎತ್ತಲಿಲ್ಲ. ಎಲ್ಲಿ ಹೋಗಿದ್ದಿರಿ ಎಂದೂ ಕೇಳಲಿಲ್ಲ. ಉಳಿದಿಬ್ಬರು ಕ್ಷಮೆ ಕೇಳಿದರು. ನನಗೆ ಅಳು ಬಂತು. ಆ ಪುಟವನ್ನು ಹರಿದುಹಾಕಲು ಕೈ ಚಾಚಿದಾಗ ತಡೆದು, "ಹರೀಬೇಡಿ. ಅಳಿಸಲೂಬೇಡಿ. ಅದರ ಕೆಳಗೇ ಇನ್ನೊಂದು ಪಟ್ಟಿ ಎಳೆದು, ಕಂಡದ್ದನ್ನ ಬರೀರಿ. ಎರಡೂ ಇರಲಿ" ಎಂದರು. ಆ ವಾರವಿಡೀ ದಿನವೂ ಸಂಜೆ ಐದರ ಮೇಲೆ ನಾವು ಪ್ರಯೋಗಶಾಲೆಯಲ್ಲಿರಬೇಕೆಂದು ಗೊತ್ತಾಯಿತು. ಅಟೆಂಡರು ಬೀಗದ ಕೈ ಅವರಿಗೇ ಕೊಟ್ಟು ಮನೆಗೆ ಹೋಗುತ್ತಿದ್ದ. ಮೇಷ್ಟ್ರು ತಮ್ಮ ಮನೆಯನ್ನು ಮರೆತು ನಮ್ಮ ಜೊತೆ ಕುಳಿತಿರುತ್ತಿದ್ದರು. ಅದನ್ನು ಶಿಕ್ಷೆಯೆನ್ನಲು ನನಗೆ ಬಾಯಿ ಬರುವುದಿಲ್ಲ.

ಕೊನೆಯ ಸಂಜೆ ಕೆಲಸ ಮುಗಿದಿತ್ತು. ನಮ್ಮನ್ನು ಕಳಿಸುವ ಬದಲು ಅವರು ತಮ್ಮ ಬೀರುವಿನಿಂದ 15,000 ಗೆರೆಗಳ ಒಳ್ಳೆಯ ಗ್ರೇಟಿಂಗೊಂದನ್ನು ತೆಗೆದು, ಸೋಡಿಯಂ ದೀಪ ಹಾಕಿದರು. ಆ ದೀಪ ಹೊತ್ತಿದ ಕೂಡಲೇ ಹಳದಿಯಾಗುವುದಿಲ್ಲ. ಮೊದಲು ದಾಸವಾಳದಂತೆ ಕೆಂಪಾಗಿ ಉರಿದು, ಕೆಲವು ನಿಮಿಷ ಕಾದ ಮೇಲೆ ಒಳಗಿನ ಲೋಹ ಆವಿಯಾಗಿ ಬಣ್ಣ ತಿರುಗುತ್ತದೆ. ಕಾದೆವು. ಎಲ್ಲರ ಮುಖ, ಕೈ, ಗೋಡೆ ಒಂದೇ ಹಳದಿಯಾದಾಗ ನನ್ನನ್ನು ಕರೆದು, ಎರಡನೆಯ ವರ್ಗದವರೆಗೆ, ಅಂದರೆ ಅದೇ ಗೆರೆ ಇನ್ನೂ ದೂರದಲ್ಲಿ ಎರಡನೆಯ ಸಲ ಕಾಣುವ ಕಡೆಗೆ, ನಿಧಾನವಾಗಿ ಹೋಗಲು ಹೇಳಿದರು. 44 ಡಿಗ್ರಿಯ ಹತ್ತಿರ ಮಸುಕಾದ ಹಳದಿ ಗೆರೆ ಬಂತು. "ಒಂದೋ, ಎರಡೋ?" ಎಂದು ಕೇಳಿದರು. ಒಂದೇ ಎನ್ನುವಷ್ಟರಲ್ಲಿ ತಡೆದು, ಸೀಳನ್ನು ಇನ್ನಷ್ಟು ಕಿರಿದು ಮಾಡಿದರು. ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಆ ಗೆರೆ ನನ್ನ ಕಣ್ಣ ಮುಂದೆಯೇ ಎರಡಾಯಿತು. ನಡುವೆ ಸೂಜಿಮೊನೆಯಷ್ಟು ಕತ್ತಲೆ. ಸೋಡಿಯಂನ ಎರಡು ಹಳದಿ ಗೆರೆಗಳ ತರಂಗಾಂತರ 5890 ಮತ್ತು 5896 ಎಂದು ಪದವಿಯಲ್ಲಿ ಎಷ್ಟೋ ಸಲ ಬರೆದು ಅಂಕ ಪಡೆದಿದ್ದೆ. ಅವು ನಿಜವಾಗಿಯೂ ಅಲ್ಲಿವೆಯೆಂದು ಆ ಸಂಜೆಯವರೆಗೆ ನಾನು ನಂಬಿಯೇ ಇರಲಿಲ್ಲ. "ಎರಡು ಸಾರ್, ಎರಡು ಅವೆ" ಎಂದು ನಮ್ಮೂರ ಮಾತಿನಲ್ಲಿಯೇ ಕೂಗಿದೆ. ಅವರು ನನ್ನ ಬೆನ್ನು ತಟ್ಟಿದರು. ಹಾಸ್ಟೆಲಿಗೆ ಹೋಗುವಾಗ ಕೆರೆಯ ಕಡೆಯಿಂದ ತಂಗಾಳಿ ಬರುತ್ತಿತ್ತು, ಗಂಗೋತ್ರಿಯ ರಸ್ತೆಗಳು ಮೊದಲ ಬಾರಿಗೆ ನನ್ನವೆನಿಸಿದವು. ಆಮೇಲೆ ಊರಿಗೆ ಓಡಿಹೋಗುವ ಯೋಚನೆ ಬರಲಿಲ್ಲ.

ಮುಂದಿನದೆಲ್ಲ ಬೇಗ ಕಳೆಯಿತು. ಪ್ರಾಯೋಗಿಕ ಪರೀಕ್ಷೆಯಲ್ಲಿ ತರಗತಿಗೇ ಹೆಚ್ಚಿನ ಅಂಕ ನನಗೆ ಬಂದವು. ಸರ್ಕಾರಿ ಕಾಲೇಜುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಭೌತಶಾಸ್ತ್ರ ಕಲಿಸಿದೆ. ನನ್ನ ಪ್ರಯೋಗಶಾಲೆಯಲ್ಲಿ ಕೈ ಪಳಗಿಸಿಕೊಂಡ ಹುಡುಗ ಹುಡುಗಿಯರು ಇಂದು ದೇಶದ ಒಳ್ಳೊಳ್ಳೆಯ ಸಂಶೋಧನಾಲಯಗಳಲ್ಲಿದ್ದಾರೆ, ಊರಿಗೆ ಬಂದಾಗ ಮನೆಗೆ ಬಂದು ಕಾಲಿಗೆರಗುತ್ತಾರೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಏಕೆಂದರೆ ನಾನು ಅವರಿಗೆ ಕೊಟ್ಟದ್ದು ಮೇಷ್ಟ್ರ ಬೀರುವಿನಿಂದ ಬಂದದ್ದೇ.

ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ಕಂಡದ್ದು ಮನಸ್ಸಿಗೆ ನೋವು ತರುವಂಥದ್ದು. ಆರು ತಿಂಗಳಿಗೊಂದು ಪರೀಕ್ಷೆಯೆಂದು ಪ್ರಯೋಗಗಳನ್ನು ಅವಸರದಲ್ಲಿ ಮುಗಿಸಬೇಕು; ಒಬ್ಬ ಓದಿದ ಅಳತೆಯನ್ನು ಉಳಿದವರು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಾರೆ; ಕಂಪ್ಯೂಟರ್ ಪರದೆಯ ಮೇಲಿನ ಸ್ಪೆಕ್ಟ್ರೋಮೀಟರಿನಲ್ಲಿ ಬೆರಳಚ್ಚು ಬೀಳುವುದೂ ಇಲ್ಲ, ಗೆರೆ ತಪ್ಪುವುದೂ ಇಲ್ಲ. ಮಕ್ಕಳನ್ನು ನಾನು ದೂರುವುದಿಲ್ಲ. ಅವರು ನಮಗಿಂತ ಚುರುಕಾಗಿದ್ದಾರೆ. ಆದರೆ ಸಂಜೆ ಐದರ ಮೇಲೆ ಅವರ ಜೊತೆ ಕುಳಿತುಕೊಳ್ಳಲು ಯಾರಿದ್ದಾರೆ? ವರ್ಷದಿಂದ ವರ್ಷಕ್ಕೆ ಕೆಲಸ ಇರುವುದೋ ಇಲ್ಲವೋ ತಿಳಿಯದ, ಎರಡು ಕಾಲೇಜುಗಳ ನಡುವೆ ಬಸ್ಸಿನಲ್ಲಿ ಓಡಾಡುವ ಅತಿಥಿ ಉಪನ್ಯಾಸಕನಿಂದ ಅದನ್ನು ಬಯಸುವುದು ನ್ಯಾಯವೂ ಅಲ್ಲ. ಮೊದಲ ವರ್ಷಕ್ಕೆ ಹಳ್ಳಿಯಿಂದ ಬರುವ ಹುಡುಗನಿಗೆ ಸ್ವಾಗತ ಸಮಾರಂಭಕ್ಕಿಂತ ಹೆಚ್ಚಾಗಿ ಬೇಕಾದದ್ದು ಅಂಥ ಒಬ್ಬ ಮನುಷ್ಯ ಎಂದು ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಸುದ್ದಿ ಬಂದ ದಿನ ಮಧ್ಯಾಹ್ನ ಅಟ್ಟದಿಂದ ಅಪ್ಪನ ಆ ಕಬ್ಬಿಣದ ಪೆಟ್ಟಿಗೆಯನ್ನು ಇಳಿಸಿದೆ. ರೆಕಾರ್ಡು ಪುಸ್ತಕದ ಬೆನ್ನು ಬಿಟ್ಟಿದೆ, ಅಂಚುಗಳನ್ನು ಹುಳು ತಿಂದಿದೆ, ಆ ಪುಟ ಮಾತ್ರ ಹಾಗೆಯೇ ಇದೆ. ಮೇಲಿನ ಪಟ್ಟಿಯಲ್ಲಿ 37 ಡಿಗ್ರಿ 38 ಮಿನಿಟು, 5461. ಅದರ ಎದುರು ಏನೂ ಬರೆದಿಲ್ಲ. ಕೆಳಗಿನ ಪಟ್ಟಿಯಲ್ಲಿ, ನಡುಗುವ ಕೈಬರಹದಲ್ಲಿ, ನಾನು ನಿಜವಾಗಿ ಕಂಡದ್ದು: 18 ಡಿಗ್ರಿ 28 ಮಿನಿಟು, ಲೆಕ್ಕದಿಂದ ಬಂದ ತರಂಗಾಂತರ 5434, ಇರಬೇಕಾದದ್ದಕ್ಕಿಂತ 27 ಕಡಿಮೆ. ಆ 5434ರ ಪಕ್ಕದಲ್ಲಿ ಹಸಿರು ಶಾಯಿಯ ಸರಿ ಗುರುತು, ಅದರ ಕೆಳಗೆ ಮೇಷ್ಟ್ರ ರುಜು.